ಅಗ್ಗದ ಮೀಟರು

"ದೂರ ನಿಲ್ಲಿ ಕಣ್ರೀ! ಇನ್ನೂ ದೂರ!"

ಪ್ರೇಮಲೀಲಾ ಬೆಚ್ಚಿಬಿದ್ದಳು. ಕೈಯಲ್ಲಿದ್ದ ತಿಂಡಿ ಡಬ್ಬಿ ಜಾರಿ ಬೀಳುವುದೊಂದೇ ಬಾಕಿ. ಹಿನಕಲ್‌ನ ಈ ಮರಗೆಲಸದ ಶೆಡ್ಡು ಅವಳ ಅಣ್ಣನದು. ಇಲ್ಲಿ ಅವಳನ್ನು ಗದರುವ ಧೈರ್ಯ ಇವತ್ತಿನವರೆಗೂ ಯಾರೂ ಮಾಡಿರಲಿಲ್ಲ.

ಮೇಜಿನ ಮೇಲೆ ಬಗ್ಗಿ ಕೂತಿದ್ದ ಆ ಅಪರಿಚಿತ ತಲೆ ಕೂಡ ಎತ್ತಲಿಲ್ಲ. ಅವನ ಮುಂದೆ ಅಂಗೈಯಗಲದ ಒಂದು ದಿಕ್ಸೂಚಿ ಇತ್ತು. ಅದರ ಮುಳ್ಳು ಹುಚ್ಚು ಹಿಡಿದಂತೆ ತಿರುಗುತ್ತಿತ್ತು.

"ನಮ್ಮ ಶೆಡ್ಡಲ್ಲಿ ಕೂತು ನನಗೇ ದೂರ ನಿಲ್ಲು ಅಂತೀರಲ್ಲ, ಯಾರ್ರೀ ನೀವು?"

"ಸೊಂಟಕ್ಕೆ ಬೀಗದ ಕೈ ಗೊಂಚಲು ಸಿಗಿಸ್ಕೊಂಡಿದೀರಿ. ಅದು ಕಬ್ಬಿಣ. ನೀವು ಹತ್ರ ಬಂದ್ರೆ ಉತ್ತರ ಎಲ್ಲಿದೆ ಅಂತಾನೇ ಇದಕ್ಕೆ ಗೊತ್ತಾಗಲ್ಲ!"

ಅಷ್ಟು ಹೇಳಿ ಅವನು ತಲೆ ಎತ್ತಿದ. ಎತ್ತಿದವನು ಮುಂದಿನ ಮಾತು ಮರೆತ. ಮುಳ್ಳಿಗಷ್ಟೇ ಅಲ್ಲ, ಆ ಗಳಿಗೆಯಲ್ಲಿ ಅವನಿಗೂ ಉತ್ತರ ಯಾವ ಕಡೆಗಿದೆ ಎಂದು ಗೊತ್ತಿರಲಿಲ್ಲ!

ಶೆಡ್ಡಿನ ನಡುವೆ ನಿಂತಿದ್ದ ಅರ್ಧಂಬರ್ಧ ವಿಮಾನದ ಹಿಂದಿನಿಂದ ಅಣ್ಣ ಗುರುಮಲ್ಲಪ್ಪ ಹೊಟ್ಟೆ ಹಿಡಿದುಕೊಂಡು ನಗುತ್ತಾ ಬಂದ.

"ಲೀಲೂ, ಇವನೇ ಕಣೆ ಅನಂತಪದ್ಮನಾಭ. ಯುದ್ಧದ ಕಾಲದಲ್ಲಿ ಬೆಂಗ್ಳೂರಲ್ಲಿ ವಿಮಾನದ ಮೀಟರು ರಿಪೇರಿ ಮಾಡ್ತಿದ್ದ. ಈಗ ಇಲ್ಲೇ ರೇಡಿಯೋ ಅಂಗಡಿ ಇಟ್ಕೊಂಡಿದಾನೆ. ನಮ್ಮ ಹಕ್ಕಿಗೆ ಕಣ್ಣು ಕಿವಿ ಎಲ್ಲ ಇನ್ನು ಇವನೇ!"

ಅದು ಐವತ್ಮೂರನೇ ಇಸವಿಯ ಬೇಸಿಗೆ. ಗುರುಮಲ್ಲಪ್ಪನಿಗೆ ಹಾರುವ ಹುಚ್ಚು. ಬೆಂಗಳೂರಿಗೆ ಹೋಗಿ ಹಾರಾಟ ಕಲಿತು ಬಂದಿದ್ದ. ಎರಡು ವರ್ಷದಿಂದ ಮರ ಕೊರೆದು, ಬಟ್ಟೆ ಬಿಗಿದು ತನ್ನದೇ ವಿಮಾನ ಕಟ್ಟುತ್ತಿದ್ದ. ಎಂಜಿನ್ ಕೂತಾಗಿತ್ತು. ಮೀಟರುಗಳನ್ನು ಆರಿಸುವುದೊಂದು ಉಳಿದಿತ್ತು. ಹೊಸ ಮೀಟರು ತರಿಸುವ ಶಕ್ತಿ ಅವನಿಗೆಲ್ಲಿ? ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ್ದ ಹಳೆಯ ಮಾಲೇ ಗತಿ.

ಒಂದು ದಿನ ಗೆಳೆಯರಿಬ್ಬರೂ ಗೋಣಿಚೀಲದ ತುಂಬ ಅಂಥ ಮಾಲು ತಂದು ಮೇಜಿನ ಮೇಲೆ ಸುರಿದರು. ಗುರುಮಲ್ಲಪ್ಪನಿಗೆ ಎಲ್ಲವೂ ಬೇಕು. ವಿಮಾನ ವಾಲಿದ್ದು ತೋರಿಸುವುದೂ ಬೇಕು, ರೇಡಿಯೋನೂ ಬೇಕು.

"ಬೇಡ ಕಣೋ," ಅಂದ ಪದ್ಮನಾಭ. "ವೇಗಕ್ಕೊಂದು, ಎತ್ತರಕ್ಕೊಂದು, ದಿಕ್ಕಿಗೊಂದು, ಎಂಜಿನ್ ಎಣ್ಣೆಗೊಂದು. ನಾಲ್ಕು ಸಾಕು. ಕೈಲಾಗದೋನು ಕಮ್ಮಿ ಮೀಟರು ಇಟ್ಕೋಬೇಕು, ಕೆಟ್ಟ ಮೀಟರು ಇಟ್ಕೋಬಾರದು."

ಲೀಲಾ ಆಗ ಬಿ.ಎಸ್ಸಿ. ಓದುತ್ತಿದ್ದಳು. ಅವನು ಒಂದೊಂದೇ ಮೀಟರನ್ನು ಪರೀಕ್ಷಿಸುವುದನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಬೀಗದ ಕೈ ಗೊಂಚಲನ್ನು ಮಾತ್ರ ಬಾಗಿಲಲ್ಲೇ ಬಿಚ್ಚಿಟ್ಟು ಬರುತ್ತಿದ್ದಳು!

"ಈ ಗಾಜಿನ ಕೊಳವೇಲಿ ಬಣ್ಣದ ನೀರು ಇದೆ ನೋಡಿ. ರಬ್ಬರ್ ನಳಿಗೇಲಿ ಊದಿ. ನೀರು ಇಷ್ಟು ಏರಿದ್ರೆ ಮುಳ್ಳು ಅರವತ್ತು ಮೈಲಿ ತೋರಿಸ್ಬೇಕು. ತೋರಿಸ್ತಾ?"

"ತೋರಿಸ್ತು."

"ಹಾಗಾದ್ರೆ ಈ ಮೀಟರು ಸುಳ್ಳು ಹೇಳಲ್ಲ."

'ನೀವು?' ಎಂದು ಕೇಳಬೇಕೆನಿಸಿತು ಅವಳಿಗೆ. ಕೇಳಲಿಲ್ಲ. ಅವನು ಬ್ರಾಹ್ಮಣರ ಹುಡುಗ, ಇವರದು ಲಿಂಗವಂತರ ಮನೆ. ಅವ್ವ ದಾಕ್ಷಾಯಣಮ್ಮನ ಕಿವಿಗೆ ಬಿದ್ದರೆ ಶೆಡ್ಡಿಗೆ ಹೋಗುವುದೇ ನಿಲ್ಲುತ್ತದೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಇಬ್ಬರೂ ಆ ಮಾತನ್ನು ಎತ್ತಲೇ ಇಲ್ಲ. ಆದರೂ ಇಬ್ಬರಿಗೂ ತಿಳಿದಿತ್ತು...

ದಸರಾ ಬಂತು. ಹಾರಲು ವಿಮಾನಯಾನ ಇಲಾಖೆಯ ಅಪ್ಪಣೆ ಕೈಗೆ ಬಂದಿತ್ತು. ವಿಜಯದಶಮಿಯ ಬೆಳಿಗ್ಗೆ ಮಂಡಕಳ್ಳಿಯ ಬಯಲಿನಿಂದ ಹಾರುವುದೆಂದು ಗುರುಮಲ್ಲಪ್ಪ ದಿನ ಗೊತ್ತು ಮಾಡಿದ್ದ. ಹಿಂದಿನ ದಿನ ಆಯುಧಪೂಜೆ. ವಿಮಾನವನ್ನು ಆಗಲೇ ಬಯಲಿಗೆ ಸಾಗಿಸಿಯಾಗಿತ್ತು. ಪೂಜೆ ಅಲ್ಲೇ ನಡೆಯಿತು.

ಗಂಧದ ನೀರಿನಲ್ಲಿ ಕಲಸಿದ ವಿಭೂತಿಯ ಬಟ್ಟಲು ಹಿಡಿದು ಲೀಲಾ ವಿಮಾನದ ಸುತ್ತ ಬಂದಳು. ಎಂಜಿನ್‌ಗೆ ಮೂರು ಗೆರೆ, ಚಕ್ರಕ್ಕೆ ಮೂರು ಗೆರೆ, ರೆಕ್ಕೆಗೆ ಮೂರು ಗೆರೆ. ರೆಕ್ಕೆಯ ಕೆಳಗಿನಿಂದ ಮುಂದಕ್ಕೆ ಚಾಚಿದ್ದ ಬೆರಳು ದಪ್ಪದ ಹಿತ್ತಾಳೆ ಕೊಳವೆಗೂ ಮೂರು ಬೆರಳು ಸುತ್ತಿಸಿ ಬಳಿದಳು. ಅದರ ತುದಿಗೊಂದು ಕುಂಕುಮದ ಬೊಟ್ಟಿಟ್ಟಳು.

ತಲೆ ಎತ್ತಿದರೆ ಪದ್ಮನಾಭ ಅವಳನ್ನೇ ನೋಡುತ್ತಿದ್ದ. ಅವಳ ಕೆನ್ನೆ ಕೆಂಪಾಯಿತು. ಅಣ್ಣ ಬೂದುಗುಂಬಳಕಾಯಿ ಒಡೆದ. ಅವಳು ಅಷ್ಟು ಸುಖವಾಗಿದ್ದದ್ದು ಅದೇ ಕೊನೆ.

ಮರುದಿನ ಗುರುಮಲ್ಲಪ್ಪನ ವಿಮಾನ ಮೇಲೇರಿತು. ಬಯಲಿನ ಮೇಲೆ ಎರಡು ಸುತ್ತು ಬಂತು. ಲೀಲಾ ಕುಣಿದಾಡಿದಳು, ಪದ್ಮನಾಭ ಟವಲು ಬೀಸಿದ. ಇಳಿಯಲು ಬಂದ ವಿಮಾನ ನಿಧಾನವಾಗುತ್ತಾ ಬಂತು... ಇನ್ನೂ ನಿಧಾನವಾಯಿತು...

"ವೇಗ ಸಾಲದು... ಗುರುಮಲ್ಲೂ, ವೇಗ ಸಾಲದು ಕಣೋ!" ಪದ್ಮನಾಭ ಕಿರುಚುತ್ತಾ ಓಡಿದ.

ಎರಡು ತೆಂಗಿನ ಮರದಷ್ಟು ಎತ್ತರದಲ್ಲಿ ವಿಮಾನ ಮೂತಿ ಕೆಳಗೆ ಮಾಡಿ ಧೊಪ್ಪನೆ ಬಿತ್ತು. ಲೀಲಾ ಓಡಿ ಬರುವಷ್ಟರಲ್ಲಿ ಪದ್ಮನಾಭ ಅಣ್ಣನನ್ನು ಹೊರಗೆಳೆದು ಮಡಿಲಲ್ಲಿ ಮಲಗಿಸಿಕೊಂಡಿದ್ದ. ಉಸಿರಿರಲಿಲ್ಲ.

ಊರಿಗೆ ಊರೇ ಜಂಬೂಸವಾರಿ ನೋಡಲು ಸೇರಿತ್ತು. ದೇಹವನ್ನು ತಂದ ಲಾರಿ ಜನರನ್ನು ತಪ್ಪಿಸಿಕೊಂಡು ಊರ ಹೊರಗಿನ ದಾರಿಯಲ್ಲಿ ಸುತ್ತಿಕೊಂಡು ಹಿನಕಲ್‌ಗೆ ಬರಬೇಕಾಯಿತು. ದೂರದಲ್ಲಿ ವಾದ್ಯ ಕೇಳುತ್ತಿತ್ತು. ಅಣ್ಣನ ತಲೆ ಹಿಡಿದು ಕೂತಿದ್ದ ಲೀಲಾಗೆ ಅಳು ಬರಲಿಲ್ಲ. ಅಣ್ಣನ ಅಂಗಿಗೆ ಗುಂಡಿ ಹಾಕಬೇಕು ಎಂಬುದೊಂದೇ ತಲೆಯಲ್ಲಿ ಓಡುತ್ತಿತ್ತು.

ಸಮಾಧಿ ಮುಗಿದ ಮೂರನೇ ದಿನ ಇಲಾಖೆಯ ಅಧಿಕಾರಿ ಮನೆಗೆ ಬಂದರು. ವೇಗದ ಮೀಟರು ಹೆಚ್ಚು ತೋರಿಸಿರಬೇಕು, ಅದನ್ನು ನಂಬಿ ವೇಗ ಇಳಿಸಿ ಬಿದ್ದಿದ್ದಾನೆ ಎಂದರು. ಹಳೆಯ ಮೀಟರನ್ನು ಪರೀಕ್ಷೆ ಮಾಡದೆ ಹಾಕಿದ್ದೆ ಎಂದು ಪದ್ಮನಾಭ ಬರೆದುಕೊಟ್ಟಿದ್ದಾನಂತೆ. ಇನ್ನೇನಿದೆ ಕೇಳುವುದು? ಫೈಲು ಅಲ್ಲಿಗೆ ಮುಗಿಯಿತು.

"ಮಾಡಿದ್ರಲ್ಲ ಪರೀಕ್ಷೆ! ನಾನೇ ಊದಿದ್ದೆನಲ್ಲ!" ಲೀಲಾ ಅವನ ಅಂಗಡಿಗೇ ಹೋಗಿ ಕೇಳಿದಳು.

"ಅದು ಬೇರೆ ಮೀಟರು." ಅವನು ನೆಲ ನೋಡುತ್ತಿದ್ದ. "ಆಮೇಲೆ ಇನ್ನೊಂದು ಅಗ್ಗದ್ದು ಸಿಕ್ತು. ಬದಲಾಯಿಸ್ಬುಟ್ಟೆ."

"ಅಗ್ಗಕ್ಕೆ ಆಸೆಪಟ್ಟು ನಮ್ಮಣ್ಣನ್ನ ಕೊಂದ್ಬುಟ್ರಾ?"

ಅವಳು ಅಂಗಡಿಯ ಹೊಸ್ತಿಲ ಮೇಲೆ ಉಗಿದು ಬಂದಳು.

ಮೂರು ವರ್ಷ ಕಳೆಯಿತು. ಹೀಗೆ ಬರೆದುಕೊಟ್ಟವನ ಕೈಗೆ ಯಾರು ತಾನೇ ರೇಡಿಯೋ ಕೊಟ್ಟಾರು? ಅವನು ಅಂಗಡಿ ಮುಚ್ಚಿ ಇಲವಾಲದ ಕಡೆ ಹೋದನೆಂದು ಸುದ್ದಿ ಬಂತು. ಲೀಲಾ ಒಂದು ಹೆಣ್ಣುಮಕ್ಕಳ ಕಾಲೇಜಿನ ಪ್ರಯೋಗಶಾಲೆಯಲ್ಲಿ ಕೆಲಸಕ್ಕೆ ಸೇರಿದಳು. ಬಂದ ಗಂಡುಗಳನ್ನೆಲ್ಲ ಒಲ್ಲೆನೆಂದಳು. ಅವ್ವ ದಿನಾ ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಕಣ್ಣು ತೆರೆದವಳೇ ಆ ಪದ್ಮನಾಭನಿಗೆ ಶಾಪ ಹಾಕುತ್ತಿದ್ದಳು. ಒಲೆಯ ಮುಂದೆ ಕೂತ ಲೀಲಾ ಅದನ್ನು ಕೇಳಿಸಿಕೊಂಡೇ ಮುದ್ದೆ ಕಟ್ಟುತ್ತಿದ್ದಳು.

ಐವತ್ತಾರರಲ್ಲಿ ಒಂದು ದಿನ ಇಲಾಖೆಯಿಂದ ಮರದ ಡಬ್ಬಿ ಬಂತು. ಇನ್ನು ನಮಗೆ ಬೇಕಿಲ್ಲ ಎಂದು ಮೀಟರುಗಳನ್ನೂ ಅವಕ್ಕೆ ಸೇರಿದ ಸಾಮಾನನ್ನೂ ವಾಪಸು ಕಳಿಸಿದ್ದರು. ವೇಗದ ಮೀಟರಿನ ಗಾಜು ಒಡೆದಿತ್ತು. ಹಿಂಭಾಗದಲ್ಲಿ ಹಳದಿ ಬಣ್ಣದ ಸಣ್ಣದೊಂದು ಗುರುತು... ಪರೀಕ್ಷೆಯಲ್ಲಿ ಪಾಸಾದ ಮೀಟರಿಗೆ ಹಾಕೆಂದು ಪದ್ಮನಾಭ ಅವಳ ಕೈಗೆ ಕುಂಚ ಕೊಟ್ಟಾಗ ಅವಳೇ ಹಾಕಿದ್ದ ಗುರುತು!

ಇದು ಬೇರೆ ಮೀಟರಲ್ಲ!

ಮಾರನೆಯ ದಿನ ಅವಳು ಅದನ್ನು ಕಾಲೇಜಿಗೆ ಒಯ್ದಳು. ಗಾಜಿನ ಕೊಳವೆ, ಬಣ್ಣದ ನೀರು, ರಬ್ಬರ್ ನಳಿಗೆ. ಊದಿದಳು. ಮೂವತ್ತು... ನಲವತ್ತು... ಅರವತ್ತು. ಮುಳ್ಳು ಎಲ್ಲಿ ನಿಲ್ಲಬೇಕೋ ಅಲ್ಲೇ ನಿಂತಿತು. ಮೂರು ಸಲ ನೋಡಿದಳು.

ಶನಿವಾರ ಮಧ್ಯಾಹ್ನ ಇಲವಾಲದ ಬಸ್ಸಿನಿಂದ ಇಳಿದವಳು ನೇರ ಅವನ ಅಂಗಡಿಗೆ ಬಂದಳು. ಹಳೆಯ ಪಂಪು, ಮುರಿದ ರೇಡಿಯೋಗಳ ನಡುವೆ ಕೂತಿದ್ದ. ಕೆನ್ನೆ ಒಳಕ್ಕೆ ಹೋಗಿತ್ತು. ಅವಳನ್ನು ಕಂಡು ಎದ್ದು ನಿಂತ.

"ಮೀಟರು ಸರಿಯಾಗಿದೆ," ಅಂದಳು.

"ಯಾವ ಮೀಟರು?"

"ನಾಟಕ ಬೇಡ. ನೀವು ಬದಲಾಯಿಸೇ ಇರಲಿಲ್ಲ. ಅದು ಒಂದು ಮೈಲಿಯೂ ಆಚೀಚೆ ತೋರಿಸ್ತಿಲ್ಲ. ಯಾಕೆ ಸುಳ್ಳು ಬರ್ಕೊಟ್ರಿ?"

"ಆಗಿದ್ದು ಆಗೋಯ್ತು. ಮನೆಗೆ ಹೋಗಿ ಲೀಲಾ."

"ಡಬ್ಬೀಲಿ ಎಲ್ಲ ಇದೆ, ರೆಕ್ಕೆ ಕೆಳಗಿದ್ದ ಹಿತ್ತಾಳೆ ಕೊಳವೆ ಇಲ್ಲ. ಅಧಿಕಾರಿ ಬರೋಕ್ಕಿಂತ ಮುಂಚೆ ವಿಮಾನದ ಹತ್ರ ಇದ್ದೋರು ನೀವೊಬ್ರೇ. ಅದೆಲ್ಲಿ?"

"ಕೆರೆಗೆ ಹಾಕ್ದೆ."

"ಯಾಕೆ?"

ಅವನು ಮುರಿದ ರೇಡಿಯೋ ಒಂದನ್ನು ಎಳೆದುಕೊಂಡು ಅದರ ತಿರುಪು ಬಿಚ್ಚತೊಡಗಿದ.

"ಹೇಳ್ದಿದ್ರೆ ಸಾಯೋವರೆಗೂ ನಿಮ್ಮನ್ನ ದ್ವೇಷಿಸ್ತಾನೇ ಇರ್ತೀನಿ."

"ಅದೇ ವಾಸಿ ಕಣ್ರೀ," ಅಂದ ಮೆಲ್ಲಗೆ. "ಹಾಗೇ ಇದ್ಬುಡಿ."

ಅದೇ ವಾಸಿ?

ಯಾವುದಕ್ಕಿಂತ ವಾಸಿ?

ಮೀಟರಿಗೆ ಗಾಳಿ ಬರುವುದು ಆ ಕೊಳವೆಯಿಂದ. ಮುಂದೆ ಒಂದು ದೊಡ್ಡ ತೂತು, ಸುತ್ತ ಸೂಜಿಮೊನೆಯಷ್ಟು ಸಣ್ಣ ತೂತುಗಳು. ಆ ಸಣ್ಣ ತೂತು ಅರೆಬರೆ ಕಟ್ಟಿಕೊಂಡರೆ ಮೇಲಿನ ತೆಳು ಗಾಳಿ ಒಳಗೇ ಉಳಿದು, ಇಳಿಯುವಾಗ ಮುಳ್ಳು ಇಲ್ಲದ ವೇಗ ತೋರಿಸುತ್ತದೆ. ಇವನೇ ಹೇಳಿಕೊಟ್ಟಿದ್ದ. ಆ ಕೊಳವೆಯ ಸುತ್ತ...

ಅವಳು ತನ್ನ ಬಲಗೈ ನೋಡಿಕೊಂಡಳು. ಮೂರು ಬೆರಳು.

"ವಿಭೂತಿ," ಅಂದಳು. "ನಾನು ಬಳಿದ ವಿಭೂತಿ..."

"ಲೀಲಾ, ಬೇಡ..."

"ನಾನು! ನನ್ನ ಕೈಯಾರೆ! ನಮ್ಮಣ್ಣನ್ನ ನಾನೇ..."

ಅವಳು ಕುಸಿದು ಕೂತಳು. ಮೂರು ವರ್ಷದಿಂದ ಬಾರದಿದ್ದ ಅಳು ಆಗ ಬಂತು. ಬೀದಿಯಲ್ಲಿ ಹೋಗುತ್ತಿದ್ದವರು ನಿಂತು ನೋಡುವಷ್ಟು ಜೋರಾಗಿ ಅತ್ತಳು. ಪದ್ಮನಾಭ ಬಾಗಿಲನ್ನು ಅರ್ಧ ಎಳೆದು ಅವಳೆದುರಿಗೆ ನೆಲದ ಮೇಲೆ ಕೂತ.

"ಪೂರ್ತಿ ಕೇಳ್ಬುಡಿ," ಅಂದ. "ಆಮೇಲೆ ಬೇಕಾದ್ರೆ ಉಗಿದು ಹೋಗಿ. ನಿಮ್ಮದು ಪೂಜೆ. ಹಾರೋಕ್ಕೆ ಮುಂಚೆ ಆ ಕೊಳವೆ ಒರೆಸೋದು ನನ್ನ ಕೆಲಸ. ಅವತ್ತು ಬೆಳಿಗ್ಗೆ ಬಟ್ಟೆ ಹಿಡ್ಕೊಂಡು ಹೋದೆ. ತುದೀಲಿದ್ದ ಕುಂಕುಮ ಒರೆಸ್ದೆ. ಆ ಮೂರು ಗೆರೆ... ನಿಮ್ಮ ಬೆರಳಿನ ಗುರುತು ಹಾಗೇ ಮೂಡಿತ್ತು. ಅಳಿಸೋಕೆ ಮನಸ್ಸು ಬರ್ಲಿಲ್ಲ."

ಲೀಲಾ ತಲೆ ಎತ್ತಿದಳು.

"ಒಣಗಿದ ಬೂದಿ, ಗಾಳಿಗೆ ಉದುರೋಗುತ್ತೆ ಅಂದ್ಕೊಂಡೆ. ಗಂಧ ಸೇರಿ ಗಾರೆ ಥರ ಕಚ್ಕೊಂಡಿತ್ತು. ಪ್ರೀತಿ ಅಂತ ಬಾಯಿ ಬಿಟ್ಟು ಹೇಳೋ ಧೈರ್ಯ ಇರ್ಲಿಲ್ಲ. ಮೂರು ಗೆರೆ ಉಳಿಸ್ಕೊಂಡೆ. ಅದಕ್ಕೆ ಅವನ ಜೀವ ಹೋಯ್ತು. ಪರೀಕ್ಷೆ ಮಾಡದೆ ಹಾರಿಸ್ದೆ ಅಂತ ಬರ್ಕೊಟ್ಟಿದ್ದು ಪೂರ್ತಿ ಸುಳ್ಳೇನಲ್ಲ."

ಅವನನ್ನು ಹೊಡೆಯಬೇಕೆನಿಸಿತು ಅವಳಿಗೆ, ಅಪ್ಪಿಕೊಂಡು ಅಳಬೇಕೆಂದೂ ಅನಿಸಿತು. ಎರಡರಲ್ಲಿ ಯಾವುದನ್ನೂ ಮಾಡಲಾಗದೆ ಅವನ ಅಂಗಿಯ ತೋಳನ್ನು ಮುಷ್ಟಿಯಲ್ಲಿ ಹಿಡಿದು ಜಗ್ಗಿದಳು.

"ನಿಮ್ಮನ್ನ ದ್ವೇಷಿಸೋಕೆ ನಾನೆಷ್ಟು ಕಷ್ಟಪಟ್ಟೆ ಗೊತ್ತೇನ್ರೀ? ದಿನಾ ಬೆಳಿಗ್ಗೆ ಎದ್ದು ಹೊಸದಾಗಿ ಶುರು ಮಾಡ್ಬೇಕಾಗ್ತಿತ್ತು. ಪ್ರೀತಿ ಇಲ್ದಿದ್ರೆ ಅಷ್ಟು ಕಷ್ಟ ಆಗ್ತಿತ್ತಾ?"

ಅವನು ಮುಖ ಮುಚ್ಚಿಕೊಂಡ. ಗಂಡಸು ಹಾಗೆ ಬಿಕ್ಕಿ ಅಳುವುದನ್ನು ಅವಳು ಅದುವರೆಗೆ ನೋಡಿರಲಿಲ್ಲ. ಅವನ ತಲೆಯ ಮೇಲೆ ಕೈ ಇಟ್ಟಳು. ಅದೇ ಬಲಗೈ. ತೆಗೆಯಲಿಲ್ಲ.

ಕೊನೆಗೆ ಎದ್ದು ಮುಖ ಒರೆಸಿಕೊಂಡಳು.

"ಏಳಿ. ಅವ್ವನಿಗೆ ಹೇಳ್ಬೇಕು."

"ಬೇಡ ಲೀಲಾ! ಆಯಮ್ಮ ಮಗನ್ನ ಕಳ್ಕೊಂಡಿದಾರೆ. ಇನ್ನು ಮಗಳ ಮುಖಾನೂ ನೋಡದ ಹಾಗಾಗೋದು ಬೇಡ. ನನ್ನನ್ನೇ ಬೈಕೊಂಡಿರ್ಲಿ, ನನಗೆ ಅಭ್ಯಾಸ ಆಗಿದೆ."

"ಅವ್ವ ನಿಮಗೆ ಶಾಪ ಹಾಕೋದನ್ನ ಕೇಳಿಸ್ಕೊಂಡು ನಾಳೆ ಬೆಳಿಗ್ಗೆ ನಾನು ಮುದ್ದೆ ಕಟ್ಟೋಕೆ ಆಗಲ್ಲ. ಇಬ್ಬರದೂ ಹೇಳ್ತೀನಿ. ನನ್ನದೂ, ನಿಮ್ಮದೂ. ಒಬ್ಬಳೇ ಹೇಳೋ ಶಕ್ತಿ ಇಲ್ಲ ನನಗೆ. ಬರ್ತೀರಾ?"

ಅವನು ಅವಳ ಮುಖವನ್ನೇ ನೋಡಿದ. ಅವ್ವ ಕ್ಷಮಿಸುತ್ತಾಳೆಂಬ ಭರವಸೆ ಅಲ್ಲಿರಲಿಲ್ಲ. ಕ್ಷಮಿಸದಿದ್ದರೂ ಹೇಳಿಯೇ ತೀರುವ ಹಟವಿತ್ತು.

"ಬಾಗಿಲು ಹಾಕ್ಕೊಂಡ್ಬುಟ್ರೆ?"

"ಜಗಲಿ ಇದೆ. ಕೂತಿರೋಣ."

"ಇಡೀ ಬೀದಿ ನೋಡುತ್ತೆ, ಲೀಲಾ."

"ನೋಡ್ಲಿ."

"ಎಷ್ಟು ಹೊತ್ತು ಅಂತ ಕೂತಿರೋದು?"

"ನನಗೆ ಸೋಮವಾರದವರೆಗೂ ಕಾಲೇಜಿಲ್ಲ," ಅಂದಳು. "ನಿಮಗೆ?"

ಅವನು ಅಂಗಡಿಯ ಬಾಗಿಲು ಎಳೆದು ಅವಳ ಪಕ್ಕ ಬಂದು ನಿಂತ.

"ನನಗೆ ಬೇರೆಲ್ಲೂ ಹೋಗ್ಬೇಕಾಗಿಲ್ಲ."