ಗೋಡೆಯೊಳಗಿನ ಮೀನು

ವಿಶಾಲಾಕ್ಷಿ ಮೊದಲ ಸಲ ನಮ್ಮ ಮನೆಗೆ ಬಂದಾಗ ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ಹೋಗುವಾಗ ಮಾತ್ರ ಕೈ ಚಾಚಿ ನಮ್ಮ ಕೂಲರಿನ ಸ್ವಿಚ್ ಆರಿಸಿ ಹೋದಳು.

"ನೋಡಿದಿ?" ಎಂದಳು ಅವ್ವ, ಅವಳೂ ಅವಳ ಅಜ್ಜನೂ ಮೆಟ್ಟಿಲಿಳಿದ ಮೇಲೆ. "ಹೋಗಾಕಿ ಸುಮ್ಮನ ಹೋಗಲಿಲ್ಲ. ನಮ್ಮ ಮನೀ ಗಾಳೀನೂ ಬಂದ್ ಮಾಡಿ ಹೋದಳು."

ನನಗೂ ಹಾಗೇ ಅನ್ನಿಸಿತು.

೧೯೮೮ರ ಮೇ ತಿಂಗಳು. ತಾರ್ನಾಕ ಬಡಾವಣೆಯಲ್ಲಿ ನಾನೂ ಅವ್ವನೂ ಬಾಡಿಗೆಗಿದ್ದ ಮಹಡಿಮನೆ ಬೆಳಗಾದರೆ ಕಾದ ಹೆಂಚು. ನಾನು ಮಲ್ಲಿನಾಥ, ಕಾಲೇಜಿನಲ್ಲಿ ಇತಿಹಾಸ ಕಲಿಸುವವನು. ಮೊಳೆ ಹೊಡೆಯಲು ಹೋಗಿ ಬೆರಳಿಗೆ ಹೊಡೆದುಕೊಳ್ಳುವ ಪೈಕಿ. ವಿಶಾಲಾಕ್ಷಿ ಕುಷಾಯಿಗೂಡದ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಟೆಸ್ಟಿಂಗ್ ವಿಭಾಗದವಳು.

ಅದಕ್ಕೂ ಮೊದಲು ನಾವು ಅವರ ಮನೆಗೆ ಹೆಣ್ಣು ನೋಡಲು ಹೋಗಿದ್ದೆವು. ಏನಾದರೂ ಕೇಳಬೇಕಲ್ಲ ಎಂದು ಕೆಲಸದ ಬಗ್ಗೆ ಕೇಳಿದೆ. ಮೊದಲು ನೆಲ ನೋಡುತ್ತ ಹೇಳಿದಳು. ಆಮೇಲೆ ನಾಚಿಕೆ ಮರೆತಳು. ಕೈಗಳು ಗಾಳಿಯಲ್ಲೇ ತಂತಿ ಜೋಡಿಸತೊಡಗಿದವು, ಬೆಸುಗೆ ಹಾಕಿದವು, ಎಲ್ಲಿ ಬಿಸಿಯಾಗಿದೆಯೆಂದು ತಡಕಿದವು. ಎಡಗೈ ಹೆಬ್ಬೆರಳ ಮೇಲೆ ಸುಟ್ಟ ಸಣ್ಣ ಕಲೆ. ಅದನ್ನೇ ನೋಡುತ್ತ ಕೂತೆ. ತಟ್ಟೆಯಲ್ಲಿದ್ದ ಉಪ್ಪಿಟ್ಟು ಆರಿ ತಣ್ಣಗಾಯಿತು. ನನ್ನ ಕಥೆ ಅವತ್ತೇ ಮುಗಿದಿತ್ತು.

ಅಪ್ಪ ಅಮ್ಮ ಇಲ್ಲದ ಅವಳನ್ನು ಸಾಕಿದವರು ಅಜ್ಜ ಗುರುಸಿದ್ದಪ್ಪನವರು. ರಸ್ತೆ ಇಲಾಖೆಯಿಂದ ರಿಟೈರಾದವರು, ಲಿಂಗಪೂಜೆ ಮುಗಿಯದೆ ನೀರೂ ಮುಟ್ಟದವರು. ಅವರಿಗೂ ನಾನು ಹಿಡಿಸಿದ್ದೆ. ಉಳಿದದ್ದು ಹುಡುಗನ ಮನೆ ನೋಡುವ ಶಾಸ್ತ್ರ. ಹೆಣ್ಣಿನ ಕಡೆಯವರು ಬಂದು ಕೂತು, ಉಂಡು, ಹೂಂ ಎನ್ನಬೇಕು. ಅಷ್ಟೇ ಬಾಕಿ.

ಭಾನುವಾರ ಅಜ್ಜನೂ ಮೊಮ್ಮಗಳೂ ಬಂದರು. ಅವ್ವ ಕೂಲರನ್ನು ಫುಲ್ ಸ್ಪೀಡಿಗೆ ಇಟ್ಟಳು. ತಂಪು ಗಾಳಿ ಬಂತು, ಅಜ್ಜ ಕಣ್ಣು ಮುಚ್ಚಿ ಆಹಾ ಅಂದರು. ಸ್ವಲ್ಪ ಹೊತ್ತಿಗೆ ಕಣ್ಣು ತೆರೆದರು. ಮೂಗು ಸೆಳೆದರು.

"ಇದು ಮೀನಿನ ವಾಸನಿ."

"ಅಯ್ಯ ಶಿವನ! ನಮ್ಮ ಮನ್ಯಾಗ ತತ್ತೀನೂ ಬಂದಿಲ್ರಿ!" ಎಂದಳು ಅವ್ವ.

"ನನ್ನ ಮೂಗು ನನಗ ಗೊತ್ತೈತ್ರಿ. ನೌಕರಿ ಮ್ಯಾಲೆ ಸಮುದ್ರದ ದಂಡಿ ಮಚಲೀಪಟ್ನಂದಾಗ ಇದ್ದಾವ ನಾನು. ದಿನಾ ಮೂಗು ಮುಚ್ಚಿಕೊಂಡ ಓಡಾಡೀನಿ." ಅವರು ಎದ್ದು ಕೈ ಮುಗಿದರು. ಬೈಯಲಿಲ್ಲ, ಅದೇ ಹೆಚ್ಚು ಚುಚ್ಚಿತು. "ತಪ್ಪು ತಿಳೀಬ್ಯಾಡ್ರಿ. ಈ ಸಂಬಂಧ ನಮಗ ಆಗೂದಿಲ್ಲ."

ಎಲೆಗೆ ಬಡಿಸಿದ್ದ ಊಟ ಹಾಗೇ ಉಳಿಯಿತು. ವಿಶಾಲಾಕ್ಷಿ ಅಜ್ಜನ ಹಿಂದೆ ನಡೆದಳು, ಬಾಗಿಲ ಹತ್ತಿರ ನಿಂತಳು, ಸ್ವಿಚ್ ಆರಿಸಿದಳು.

ಆಮೇಲೆ ನಾವು ತಾಯಿ ಮಗ ಸೇರಿ ಮೀನಿನ ಬೇಟೆಗೆ ಇಳಿದೆವು. ಕೂಲರಿನ ತೊಟ್ಟಿ ಖಾಲಿ ಮಾಡಿ ಉಜ್ಜಿದೆ. ಪಕ್ಕದ ಜಾಲರಿ ಬಿಚ್ಚಿ ಒಳಗಿನ ಹುಲ್ಲು ಹೊರಗೆಳೆದೆ. ಹಲ್ಲಿ ಸತ್ತಿದೆಯೇ, ಇಲಿ ಸತ್ತಿದೆಯೇ ಎಂದು ಟಾರ್ಚ್ ಬಿಟ್ಟು ನೋಡಿದೆ. ಅವ್ವ ಕರ್ಪೂರ ಹಚ್ಚಿದಳು, ಊದುಬತ್ತಿ ಹಚ್ಚಿದಳು, ಕೆಳಗಿನ ಮನೆಯವರನ್ನು ಮನಸ್ಸಿನಲ್ಲೇ ಬೈದಳು. ಹೊಸ ಹುಲ್ಲು ತುಂಬಿ ಚಾಲೂ ಮಾಡಿದರೆ, ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಮೀನು. ಈಗ ಊದುಬತ್ತಿಯ ಜೊತೆ.

ಮರುದಿನ ಸಂಜೆ ಬಾಗಿಲು ಬಡಿದ ಸದ್ದು. ತೆರೆದರೆ ವಿಶಾಲಾಕ್ಷಿ. ಕಾರ್ಖಾನೆಯಿಂದ ನೇರ ಬಸ್ ಹಿಡಿದು ಬಂದಿದ್ದಳು. ಹಣೆಯಲ್ಲಿ ಬೆವರು, ಹೆಗಲಲ್ಲಿ ಚೀಲ.

"ಮತ್ತ ಕೂಲರ್ ಹಚ್ಚಿದ್ರೇನು?" ಅದೇ ಅವಳ ನಮಸ್ಕಾರ.

"ಹೌದ್ರಿ. ಹಲ್ಲಿ ಹುಡುಕಾಕ…"

"ಶಾಣ್ಯಾರಿದ್ದೀರಿ!" ಕಣ್ಣು ದೊಡ್ಡದು ಮಾಡಿ ನನ್ನನ್ನು ಸರಿಸಿ ಒಳಗೆ ಬಂದಳು. ಯಾರಾದರೂ ನನ್ನನ್ನು ಅಷ್ಟು ಚೆನ್ನಾಗಿ ಬೈದು ಎಷ್ಟು ವರ್ಷವಾಗಿತ್ತೋ. ಅವ್ವ ಅಡುಗೆಮನೆ ಬಾಗಿಲಲ್ಲಿ ಮುಖ ಗಂಟಿಕ್ಕಿ ನಿಂತಳು.

ವಿಶಾಲಾಕ್ಷಿ ಕೇಳಿದಳು: "ಹಚ್ಚಿದ ಕೂಡ್ಲೇ ಬರತೈತೋ, ತಡಾ ಆಗಿ ಬರತೈತೋ?"

"ತಡಾ ಆಗಿ."

ಅವಳು ಕೂಲರಿನ ಮುಂದೆ ಮಂಡಿಯೂರಿದಳು. ತೊಟ್ಟಿಯ ನೀರು ಮೂಸಿದಳು, ಹುಲ್ಲು ಹಿಡಿ ಹಿಡಿಯಾಗಿ ಮೂಸಿದಳು. ಅವಳು ಮೂಗು ಅರಳಿಸಿ, ಕಣ್ಣು ಮುಚ್ಚಿ, ತಲೆ ಒಂದಿಷ್ಟು ಓರೆ ಮಾಡುವುದನ್ನು ನೋಡುತ್ತ ನಾನು ಟಾರ್ಚ್ ಹಿಡಿದೇ ನಿಂತಿದ್ದೆ. ಹಾಡಿನ ಶ್ರುತಿ ಹುಡುಕುವವರು ಹಾಗೆ ತಲೆ ಓರೆ ಮಾಡುತ್ತಾರೆ.

"ನೀರು ನಿಂತು ಪಾಚಿಗಟ್ಟಿದ್ರ ಕೆಸರಿನ ವಾಸನಿ. ಹುಲ್ಲು ಕೊಳೆತ್ರ ಒದ್ದಿ ಕಂಬಳಿ ವಾಸನಿ. ಇಲಿ ಸತ್ತಿದ್ರ ಓಣಿ ಮಂದೀನ ಬಂದು ಹೇಳ್ತಿದ್ರು. ಇದ್ಯಾವುದೂ ಅಲ್ಲ," ಎಂದಳು. "ಇದು ಮೀನ."

ಅವ್ವನ ಬಾಯಿ ತೆರೆದೇ ಉಳಿಯಿತು.

"ಗಾಬರಿಯಾಗಬ್ಯಾಡ್ರಿ, ಅತ್ತಿ. ಮೀನಿಲ್ಲದ ಮೀನು."

ಅತ್ತಿ ಎಂಬ ಆ ಒಂದು ಮಾತಿಗೆ ಅವ್ವನ ಮುಖದ ಗಂಟು ಅರ್ಧ ಸಡಿಲವಾಯಿತು. ನನಗಂತೂ ಟಾರ್ಚ್ ಆರಿಸಬೇಕೆಂಬುದೂ ಮರೆತುಹೋಗಿತ್ತು.

ವಿಶಾಲಾಕ್ಷಿ ಕೂಲರ್ ಚಾಲೂ ಮಾಡಿ ಕಾದಳು. ಆಮೇಲೆ ಗೋಡೆಯ ಸಾಕೆಟ್ಟಿಗೆ ಹಿಂಗೈ ತಾಗಿಸಿ, "ನೀವೂ ಮುಟ್ಟಿ ನೋಡ್ರಿ," ಎಂದಳು. ನನ್ನ ಕೈಯನ್ನು ಅವಳ ಕೈ ಪಕ್ಕದಲ್ಲಿಟ್ಟೆ. ಸಾಕೆಟ್ ಸುಡುತ್ತಿತ್ತು. ಕೈ ತೆಗೆಯಲು ಇಬ್ಬರೂ ಅವಸರ ಮಾಡಲಿಲ್ಲ.

ಮೇನ್ ಸ್ವಿಚ್ ಆರಿಸಿ, ಚೀಲದಿಂದ ಸ್ಕ್ರೂಡ್ರೈವರ್ ತೆಗೆದು ಸಾಕೆಟ್ ಬಿಚ್ಚಿದಳು. ಹಿಂಭಾಗ ಕಂದಾಗಿ ಗುಳ್ಳೆ ಎದ್ದಿತ್ತು. ಒಂದು ತಂತಿಯ ಸ್ಕ್ರೂ ಸಡಿಲ.

"ಬಿಗಿ ಇಲ್ಲದ ಕಡೆ ಕಾಯತೈತಿ. ಈ ಜಾತಿ ಪ್ಲಾಸ್ಟಿಕ್ ಕಾದ್ರ ಖರೇ ಮೀನಿನಂಗ ನಾರತೈತಿ. ಗಾಳಿ ಅದನ್ನ ಮನಿತುಂಬ ಹಂಚತೈತಿ." ಮೇಲೆ ತೂಗುತ್ತಿದ್ದ ಪರದೆಯನ್ನು ತೋರಿಸಿದಳು. "ಇನ್ನಷ್ಟು ಓಡಿಸಿದ್ರ ಇದಕ್ಕ ಬೆಂಕಿ ಹತ್ತತಿತ್ತು."

"ಅವತ್ತೇ ಗೊತ್ತಾಗಿತ್ತೇನು? ಅದಕ್ಕ ಸ್ವಿಚ್…"

"ಮತ್ತೇನು, ನಿಮ್ಮ ಗಾಳಿ ಮ್ಯಾಲೆ ಸಿಟ್ಟಿತ್ತೇನ್ರಿ ನನಗ?" ಅವಳು ನಕ್ಕಳು. ನಂತರ ನಗು ಇಳಿಯಿತು. "ಬಸ್ಸಿನಾಗ ಅಜ್ಜಗ ಹೇಳಿದೆ. ಅವರ ಪರವಾಗಿ ಮಾತಾಡಬ್ಯಾಡ ಅಂದ್ರು."

ಚೀಲದಲ್ಲಿ ತಂದಿದ್ದ ಹೊಸ ಸಾಕೆಟ್ ಕೂರಿಸಿ, ಸ್ಕ್ರೂ ಬಿಗಿದು, ಕೂಲರ್ ಹಚ್ಚಿದಳು. ಕಾದೆವು. ಮತ್ತೂ ಕಾದೆವು. ಒದ್ದೆ ಹುಲ್ಲಿನ ತಣ್ಣನೆ ವಾಸನೆ, ಅಷ್ಟೇ. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಚಹಾಕ್ಕೆ ಇಡಲು ಹೋದಳು.

"ಫೋನ್ ಮಾಡಿ ಹೇಳಬಹುದಿತ್ತಲ್ರಿ," ಎಂದೆ, ಏನೋ ಕೇಳಬೇಕೆಂಬ ಆಸೆಯಿಂದ.

"ನೀವು ಸಾಕೆಟ್ ಬಿಚ್ಚತಿದ್ರಿ?" ನನ್ನ ಬೆರಳುಗಳ ಕಡೆ ನೋಡಿದಳು. "ನಿನ್ನ ಕೆಲಸ ಏನಂತ ನನ್ನ ನೋಡಾಕ ಬಂದವ್ರೆಲ್ಲಾ ಕೇಳ್ಯಾರ. ಹೇಳಿ ಮುಗಿಸೂ ತನಕ ಕೇಳಿದವ್ರು ನೀವೊಬ್ರ. ಅಂಥ ಮನ್ಯಾಗ ಬೆಂಕಿ ಹತ್ತಬಾರದು ಅಂತ ಬಂದೆ."

ನಾನು ಕೇಳಬಾರದ್ದನ್ನೇ ಕೇಳಿದೆ. "ಅಜ್ಜ ಒಪ್ಪದಿದ್ರ?"

ಅವಳು ತಂತಿ ಸುತ್ತುತ್ತಿದ್ದ ಕೈ ನಿಲ್ಲಿಸಿದಳು. "ನನ್ನ ಎತ್ತಿ ಬೆಳೆಸಿದವ್ರು. ಅವರನ್ನ ಅಳಿಸಿ ನಾ ಹೆಂಗ ಬರಲಿ?" ಸುಟ್ಟ ಸಾಕೆಟ್ಟನ್ನು ಪೇಪರಿನಲ್ಲಿ ಸುತ್ತಿ ಚೀಲಕ್ಕೆ ಹಾಕಿದಳು. "ನಾಳೆ ಸಂಜೀಕ ನಮ್ಮ ಮನೀಗೆ ಬರ್ರಿ. ಬೈದ್ರ ಬೈಸಿಕೊಳ್ರಿ."

ಮರುದಿನ ಕುಷಾಯಿಗೂಡದಲ್ಲಿ ಗುರುಸಿದ್ದಪ್ಪನವರು ಬೈಯಲೂ ಇಲ್ಲ, ಬಾ ಅನ್ನಲೂ ಇಲ್ಲ. ಕುರ್ಚಿಯಲ್ಲಿ ಪೇಪರ್ ಹಿಡಿದು ಕೂತರು. ನಾನು ಬಾಗಿಲ ಬಳಿ ಚಪ್ಪಲಿಗಳ ಪಕ್ಕ ನಿಂತೆ. ವಿಶಾಲಾಕ್ಷಿ ಆ ಸುಟ್ಟ ಸಾಕೆಟ್ಟನ್ನು ಒಂದು ಹಲಗೆಗೆ ಜೋಡಿಸಿ, ಇಸ್ತ್ರಿಪೆಟ್ಟಿಗೆಯ ಪ್ಲಗ್ ಅದಕ್ಕೆ ಸಿಕ್ಕಿಸಿ, ಸ್ವಿಚ್ ಹಾಕಿ, ಅದರ ಮೇಲೆ ಕೈಯಿಟ್ಟೇ ನಿಂತಳು. ವಾಸನೆ ಬಾರದಿದ್ದರೆ ನನ್ನ ಬಾಳು ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಮೀನು ಬರಲಿ ಎಂದು ಶಿವನಿಗೆ ಕೈ ಮುಗಿದ ಮೊದಲ ಲಿಂಗಾಯತ ನಾನೇ ಇರಬೇಕು.

ಪೇಪರ್ ಕೆಳಗಿಳಿಯಿತು.

"ವಿಶಾಲಾ! ಬಾಜೂ ಮನ್ಯಾಗ ಏನ ಬೇಯಿಸಾಕತ್ತಾರ?"

"ಬಾಜೂ ಮನ್ಯಾಗಲ್ಲ, ಅಜ್ಜಾ. ನಮ್ಮ ಮನ್ಯಾಗ."

ಅವಳು ಸ್ವಿಚ್ ಆರಿಸಿದಳು. ಅಜ್ಜ ಎದ್ದು ಬಂದರು, ಬಗ್ಗಿದರು, ಆ ಹಲಗೆಯನ್ನು ತಾವೇ ಮೂಸಿದರು. ಇನ್ನೊಮ್ಮೆ ಮೂಸಿದರು. ತಮ್ಮ ಪೂಜೆಯ ಕೋಣೆಯ ಕಡೆ ನೋಡಿದರು. ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

"ನಿಮ್ಮ ತಾಯಿ ಅವತ್ತ ಊಟಾ ಮಾಡಿದ್ರೇನಪ್ಪಾ?"

"ಇಲ್ರಿ."

"ನಾನೂ ಮಾಡಲಿಲ್ಲ. ಯಾಕ ಅಂತೀಯೇನು?" ಮೊಮ್ಮಗಳ ಕಡೆ ಗದ್ದ ತೋರಿಸಿದರು. "ಈಕಿ ಪ್ಲಾಸ್ಟಿಕ್, ಪ್ಲಾಸ್ಟಿಕ್ ಅಂತ ತಲಿ ತಿಂದಳು. ಸಿಟ್ಟು ಬಂದು ಕೇಳಿದೆ. ಖರೇನ ಮೀನ ಬೇಯಿಸೂ ಮನಿ ಆಗಿದ್ರ, ಆಗೂ ಅಲ್ಲೇ ಹೋಗ್ತಿಯೇನು ಅಂತ. ಹೂಂ ಅಂದಳು."

ಇಸ್ತ್ರಿಪೆಟ್ಟಿಗೆಯ ವಯರಿನ ಮೇಲೆ ಬಗ್ಗಿದ್ದ ವಿಶಾಲಾಕ್ಷಿಯ ಕಿವಿಗಳು ಕೆಂಪಾಗಿದ್ದವು.

"ಅಂಗಿ ಹಾಕ್ಕೊಂಡ ಬರ್ತೀನಿ," ಎಂದರು ಅಜ್ಜ, ದನಿ ಸರಿಮಾಡಿಕೊಂಡು. "ಮೊದಲು ನಿಮ್ಮ ತಾಯಿಗೆ ತಪ್ಪಾತು ಅನಬೇಕು. ಮದುವಿ ಮಾತು ಆಮ್ಯಾಲೆ."

ಅವರು ಒಳಗೆ ಹೋದರು. ನಾನು ಚಪ್ಪಲಿಗಳ ಪಕ್ಕದಿಂದ ಹೊರಟು ಅವಳ ಎದುರು ಬಂದು ಕೂತೆ.

"ಖರೇನ ಹೂಂ ಅಂದ್ರಿ?"

"ಸ್ಕ್ರೂ ಹಿಡೀರಿ. ಕಳದು ಹೋಗ್ತಾವ."

ಅಂಗೈ ಚಾಚಿದೆ. ಒಂದು ಸ್ಕ್ರೂ ಬಿಚ್ಚಿ ನನ್ನ ಕೈಗೆ ಹಾಕಿದಳು. ಇನ್ನೊಂದು ಹಾಕಿದಳು. ಬೆರಳು ಅಲ್ಲೇ ಉಳಿಯಿತು.

"ನಾಳೆ ನಮ್ಮ ಮನ್ಯಾಗ ಮತ್ತೇನರ ವಾಸನಿ ಬಂದ್ರ?"

"ಹುಡುಕ್ತೀನಿ."

"ಎಷ್ಟು ಹುಡುಕಿದ್ರೂ ಸಿಗದಿದ್ರ?"

ಆಗ ಅವಳು ತಲೆಯೆತ್ತಿ ನನ್ನನ್ನೇ ನೋಡಿದಳು, ಆ ಮೂಗಿನ ಮೇಲೆ ಬೆವರಿನ ಹನಿಯಿತ್ತು.

"ಸಿಗದಿದ್ರೂ ಅಲ್ಲೇ ಇರ್ತೀನಿ," ಎಂದಳು.