ಅರ್ಧಕ್ಕೆ ನಿಂತ ಎಣಿಕೆ

ಕಂಪ್ಯೂಟರಿಗೆ ಹೊದಿಸಿದ್ದ ಹಳೆಯ ಸೀರೆ ಹಾಗೆಯೇ ಇತ್ತು. ರುಬಿನಾ ಅದನ್ನು ಸರಿಸಿ ಗುಂಡಿ ಒತ್ತಿದಳು. ಪರದೆ ಕಪ್ಪಗೇ ಉಳಿಯಿತು. ಬಗ್ಗಿ ಡಬ್ಬಿಯ ಮುಚ್ಚಳ ತೆಗೆದು ನೋಡಿದಳು. ಹಾರ್ಡ್ ಡಿಸ್ಕ್ ಇರಬೇಕಾದ ಜಾಗ ಖಾಲಿ. ಎರಡು ವೈರು ಜೋತಾಡುತ್ತಿದ್ದವು. ಕಪಾಟಿನಲ್ಲಿ ನಕಲು ಮಾಡಿಟ್ಟಿದ್ದ ಸೀಡಿಯೂ ಇರಲಿಲ್ಲ.

"ಅಬ್ಬಾ!"

ಗೋಡೆಯಾಚೆ ಹಿಟ್ಟಿನ ಗಿರಣಿ ಓಡುತ್ತಿತ್ತು. ಅವಳ ತಂದೆ ದಿಲಾವರನಿಗೆ ಮೊದಲ ಕೂಗು ಕೇಳಿಸಲೇ ಇಲ್ಲ.

೨೦೦೪ರ ಏಪ್ರಿಲ್. ಗಡಿಯಾಚೆಯ ಕನ್ನಡ ಹಳ್ಳಿ ತಿಕೋಂಡಿಯಲ್ಲಿ ಕರೆಂಟು ಬಂದಾಗ ಗಿರಣಿ ಓಡಬೇಕು, ರುಬಿನಾಳ ಕಂಪ್ಯೂಟರೂ ಓಡಬೇಕು. ಪುಣೆಯಲ್ಲಿ ಎಂ.ಎಸ್ಸಿ. ಮುಗಿಸಿದ್ದಳು. ತಾಯಿ ರಹಿಮಾಗೆ ಆಪರೇಷನ್ ಆದದ್ದರಿಂದ ಊರಿಗೆ ಬಂದು, ಗಿರಣಿಯ ಹಿಂದಿನ ಕೋಣೆಯಲ್ಲೇ ಕೆಲಸ ಮುಂದುವರಿಸಿದ್ದಳು. ಬರುವ ಸೋಮವಾರ ಪುಣೆಯಲ್ಲಿ ಸಂದರ್ಶನ. ಪಿಎಚ್.ಡಿ.ಗೆ ಇದ್ದದ್ದು ಒಂದೇ ಸೀಟು. ಕೆಲಸ ತೋರಿಸಿದವರಿಗೆ ಸೀಟು. ಈಗ ತೋರಿಸುವುದಕ್ಕೆ ಏನೂ ಉಳಿದಿರಲಿಲ್ಲ.

* * *

ಠಾಣೆಯ ಫೌಜದಾರ್ ಮಲ್ಲಿನಾಥ ಮಧ್ಯಾಹ್ನ ಬಂದ. ಬಿ.ಎಸ್ಸಿ. ಓದಿದ್ದ, ಓದಿದ್ದನ್ನೆಲ್ಲ ಮರೆತಿದ್ದ. ಆದರೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆನ್ನಲು ಅವನಿಗೆ ನಾಚಿಕೆಯಿರಲಿಲ್ಲ. ಪೊಲೀಸರಲ್ಲಿ ಇದು ಅಪರೂಪ.

"ಅದರಾಗ ಏನ್ ಇತ್ತವ್ವಾ? ನನಗ ತಿಳಿಯೂ ಹಂಗ ಹೇಳು."

ರುಬಿನಾ ತಾಯಿ ಜಪಕ್ಕೆ ಹಿಡಿಯುವ ತಸ್ಬಿ ಮಾಲೆ ತಂದಳು.

"ಪ್ರೋಟೀನ್ ಅಂದ್ರ ಹಿಂಗ ಒಂದು ಸರಾರೀ. ಒಂದೊಂದು ಮಣಿ ಒಂದೊಂದು ಅಮೈನೋ ಆಮ್ಲ." ಮಾಲೆಯನ್ನು ಮುಷ್ಟಿಯಲ್ಲಿ ಮುದುರಿದಳು. "ಮಡಚಿದ ಮ್ಯಾಲ ಎಲ್ಲೋ ದೂರ ಇದ್ದ ಮಣಿ ಬಂದು ಇನ್ನೊಂದು ಮಣಿಗಿ ಹತ್ತತೈತಿ. ಹಂಗ ಹತ್ತಿದ್ದಕ್ಕ ಸಂಪರ್ಕ ಅಂತೀವಿ. ಕುದಿಯೂ ನೀರಾಗೂ ಹರೀದ ಪ್ರೋಟೀನ್ ಇರ್ತಾವ್ರಿ. ಅವುಗಳೊಳಗ ಯಾವ ಮಣಿ ಯಾವ ಮಣೀನ ಹಿಡಕೊಂಡೈತಿ ಅಂತ ಎಣಿಸಾಕತ್ತಿದ್ದೆ. ನೂರಾರು ಪ್ರೋಟೀನ್‌ದು."

"ಪಕ್ಕದ ಮಣಿ ಹೆಂಗೂ ಹತ್ತಿರ್ತಾವಲ್ಲ?"

"ಅವನ್ನ ಲೆಕ್ಕಕ್ಕ ಹಿಡಿಯೂದಿಲ್ರಿ. ಅದರಾಗ ಹೊಸಾದು ಏನೂ ಇಲ್ಲ."

"ಎಣಿಕಿ ಪೂರಾ ಆಗಿತ್ತೇನು?"

"ಭಾಳ ಮಟ್ಟಿಗಿ. ನಡುವ ಕರೆಂಟ್ ಹೋದ್ರ ಆವತ್ತಿನ ಪ್ರೋಟೀನ್ ಅರ್ಧಕ್ಕ ನಿಂತಬಿಡ್ತೈತ್ರಿ. ಮತ್ತ ಚಾಲೂ ಮಾಡಿದ್ರ ಮುಂದಿಂದು ಹಿಡೀತೈತಿ. ಅರ್ಧ ಉಳಿದವು ಯಾವು ಅಂತ ನನಗ ಗೊತ್ತು. ಪುಣೇಕ್ಕ ಹೋಗಿ ಮಾಡಿದ್ರಾತು ಅಂತ ಬಿಟ್ಟಿದ್ದೆ."

"ಯಾರಿಗರೆ ಹೇಳಿದ್ದೇನು?"

"ಇಲ್ರಿ. ಅದೇನ್ ಹೇಳೂದು."

ಮಲ್ಲಿನಾಥ ಸೀರೆಯನ್ನು ಎತ್ತಿ ನೋಡಿದ. ಮೇಲೆ ತೆಳ್ಳಗೆ ಹಿಟ್ಟು ಕೂತಿತ್ತು. ಒಳಗಡೆ ಇರಲಿಲ್ಲ.

"ಕಳ್ಳ ತಿರುಗಿ ಹೊದಿಸಿ ಹೋಗ್ಯಾನ. ಹೊದಿಸದಿದ್ರ ಹಿಟ್ಟು ಕೂಡ್ತೈತಿ ಅನ್ನೂದು ಅವಂಗ ರೂಢಿ ಆಗೈತಿ. ಈ ಕೋಣಿಗಿ ಯಾರ್ ಯಾರ್ ಬರ್ತಾರ?"

"ಅಬ್ಬಾ, ಅಮ್ಮಿ. ಗಿರಣಿ ಕೆಲಸದ ವಿಠೋಬ ಕಾಕಾ. ಅಷ್ಟ."

"ಪಾವಣ್ಯಾರು ಯಾರರೆ ಬಂದಿದ್ರೇನು?"

"ಕಾಜಲ್ ಬಂದಿದ್ಳು. ಸನಮಡಿಯಾಕಿ. ಪುಣೆದಾಗ ನನ್ನ ಕೂಡ ಓದತಾಳ. ನಿನ್ನೆ ಮುಂಜಾನಿ ಹೋದ್ಳು." ಅವಳ ದನಿ ಬದಲಾಯಿತು. "ಆಕಿ ಮ್ಯಾಲ ಸಂಶಯ ಬ್ಯಾಡ್ರಿ ಸಾಹೇಬ್ರ. ಸಾಲಿಯಿಂದ ಒಂದ ಬೆಂಚಿನ್ಯಾಗ ಕುಂತವ್ರು ನಾವು. ಕಳುವಾತು ಅಂತ ಮೊದಲ ಫೋನ್ ಮಾಡಿದ್ದೇ ಆಕಿಗಿ. ಫೋನಿನ್ಯಾಗ ಅತ್ತಬಿಟ್ಳು."

"ನೋಡು, ಪಕ್ಕದ ಮಣಿ ಇಲ್ಲೂ ಲೆಕ್ಕಕ್ಕ ಬರ್ಲಿಲ್ಲ," ಎಂದ ಮಲ್ಲಿನಾಥ.

ರುಬಿನಾಗೆ ಸಿಟ್ಟು ಬಂತು. ಸಿಟ್ಟು ಬಂದದ್ದನ್ನು ಅವನು ಗಮನಿಸಿದ.

* * *

ದಿಲಾವರನಿಗೆ ಮಾತ್ರ ಯಾವ ಅನುಮಾನವೂ ಇರಲಿಲ್ಲ. "ವಿಠೋಬನ್ನ ಹಿಡೀರಿ," ಎಂದ. "ಹೋದ ವಾರ ನಾ ಬೈದಿದ್ದೆ. ನಿನ್ನೆ ಚೀಲ ತಗೊಂಡು ವಿಜಾಪುರಕ್ಕ ಹೋಗ್ಯಾನ. ಯಾಕಂದ್ರ ಹೇಳಾಂಗಿಲ್ಲ."

ವಿಠೋಬನನ್ನು ಠಾಣೆಗೆ ಕರೆತಂದರು. ಬಡಪಾಯಿ ತಲೆ ತಗ್ಗಿಸಿ ನಿಂತ. ಕೇಳಿದ್ದಕ್ಕೆಲ್ಲ ಬಾಯಿ ಬಿಡಲೊಲ್ಲ. ಕೊನೆಗೆ ದಿಲಾವರನನ್ನು ಹೊರಗೆ ಕಳಿಸಿದ ಮೇಲೆ ಹೇಳಿದ:

"ಅಲ್ಲೊಂದು ಗಿರಣ್ಯಾಗ ಕೆಲಸ ಕೇಳಾಕ ಹೋಗಿದ್ದೆರಿ. ಚೀಲದಾಗ ಒಂದು ಜೋಡಿ ಅರಿವಿ ಇದ್ದು. ಧಣ್ಯಾರಿಗಿ ಹ್ಯಾಂಗ್ ಹೇಳ್ಲಿ? ಹುಡುಗಿ ಸಾಲಿಗಿ ಹೋಗೂವಾಗ ಸೈಕಲ್ ಮ್ಯಾಲ ಬಿಟ್ಟು ಬಂದಾಂವ ನಾ. ಆಕಿ ಸಾಮಾನು ಕದೀತೀನೇನ್ರಿ?"

ವಿಜಾಪುರದ ಗಿರಣಿಯವನು ಫೋನಿನಲ್ಲಿ ಹೌದೆಂದ. ದಿಲಾವರ ಬಾಗಿಲಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಹೊರಟುಹೋದರು.

ಮಲ್ಲಿನಾಥ ರುಬಿನಾಳಿಗೆ ಹೇಳಿದ: "ಮಾರೂ ಕಳ್ಳ ಮಾನಿಟರ್ ಒಯ್ತಿದ್ದ. ನಕಲಿನ ಸೀಡಿ ತಗೊಂಡು ಅಂವ ಏನ್ ಮಾಡ್ತಾನ? ಇದು ನಿನ್ನ ಕೆಲಸ ಬೇಕಾದವರು ಮಾಡಿದ್ದು. ಸೋಮವಾರ ನಾನೂ ಪುಣೇಕ್ಕ ಬರ್ತೀನಿ. ನಿನ್ನ ಕಾಕಾ ಅಂತ ಹೇಳು."

* * *

ಪುಣೆಯಲ್ಲಿ ವಿಶ್ವವಿದ್ಯಾಲಯದ ವಿಭಾಗದ ಮೆಟ್ಟಿಲ ಮೇಲೆ ಕಾಜಲ್ ಓಡಿ ಬಂದು ರುಬಿನಾಳನ್ನು ಅಪ್ಪಿಕೊಂಡಳು. "ಅಳಬ್ಯಾಡ ಲೇ. ಮೇಡಂಗ ನಾ ಹೇಳ್ತೀನಿ, ನಿನಗ ಇನ್ನೊಂದು ಅವಕಾಶ ಕೊಡ್ರಿ ಅಂತ." ರುಬಿನಾ ಫೌಜದಾರನ ಕಡೆ ನೋಡಿದಳು. ಈಗಲಾದರೂ ನಂಬಿ ಎನ್ನುವ ಹಾಗಿತ್ತು ಆ ನೋಟ.

ಆ ಒಂದು ಸೀಟಿಗೆ ಕಾಜಲ್ ಕೂಡ ಬಂದಿದ್ದಳು. ಪ್ರಾಧ್ಯಾಪಕಿ ಮೇಡಂ ಇಬ್ಬರಿಗೂ ಒಂದೇ ವಿಷಯ ಕೊಟ್ಟಿದ್ದರು. ಮೊದಲು ಕಾಜಲ್ ಎದ್ದಳು. ದೀಪ ಆರಿಸಿದರು. ಗೋಡೆಯ ಮೇಲೆ ಒಂದೊಂದೇ ಚಿತ್ರ ಬಂತು. ಪ್ರತಿ ಪ್ರೋಟೀನಿಗೂ ಒಂದು ಚೌಕ. ಒಂದನ್ನೊಂದು ಮುಟ್ಟುವ ಪ್ರತಿ ಜೋಡಿಗೆ ಅದರಲ್ಲೊಂದು ಚುಕ್ಕೆ.

ಐದನೆಯ ಚಿತ್ರಕ್ಕೆ ರುಬಿನಾ ಮಲ್ಲಿನಾಥನ ತೋಳು ಹಿಡಿದಳು.

"ಏನವ್ವಾ?"

"ಬಾಲಕ್ಕ ಒಂದೂ ಚುಕ್ಕಿ ಇಲ್ರಿ. ಸರದ ಅರ್ಧ ಯಾರನ್ನೂ ಮುಟ್ಟಿಲ್ಲ." ಇನ್ನೊಂದು ಚಿತ್ರ ಬಂತು. ಅದೂ ಹಾಗೆಯೇ. "ಇದೂ... ಇದೂ ನಂದ."

ಮಲ್ಲಿನಾಥ ಎದ್ದು ನಿಂತು ಹರಕು ಮರಾಠಿಯಲ್ಲಿ ಕೇಳಿದ. ಈ ಎಣಿಕೆ ಎಲ್ಲಿ ಮಾಡಿದ್ದು? ಇಲ್ಲಿಯೇ, ಲ್ಯಾಬಿನಲ್ಲಿ, ಎಂದಳು ಕಾಜಲ್. ಕರೆಂಟು ಹೋಗುತ್ತದೆಯೇ? ಇಲ್ಲ, ಜನರೇಟರ್ ಇದೆ. ನಡುವೆ ಒಮ್ಮೆಯೂ ನಿಂತಿಲ್ಲವೇ? ಒಮ್ಮೆಯೂ ಇಲ್ಲ.

"ಹಂಗಾದ್ರ ಈ ಪ್ರೋಟೀನ್ ಬಾಲ ಯಾಕ ಖಾಲಿ ಐತಿ?" ಎಂದು ಅವನು ಕನ್ನಡಕ್ಕೆ ಹೊರಳಿದ. "ನೀ ಹೇಳವ್ವಾ ರುಬಿನಾ. ನನಗಿಂತ ಚಲೋ ಹೇಳ್ತಿ."

ರುಬಿನಾ ಹೇಳಿದಳು. ತನ್ನ ಪ್ರೋಗ್ರಾಂ ಪ್ರತಿ ಅಮೈನೋ ಆಮ್ಲವನ್ನೂ ಅದರ ಹಿಂದಿನವುಗಳ ಜೊತೆ ಅಳೆಯುತ್ತಾ ಕೊನೆಯವರೆಗೆ ಹೋಗುತ್ತದೆ. ನಡುವೆ ಕರೆಂಟು ಹೋದರೆ ಮುಂದಿನದೆಲ್ಲ ಖಾಲಿ. ಕಾದ ನೀರಲ್ಲೂ ಬಿಚ್ಚದೆ ಬಿಗಿಯಾಗಿರುವ ಪ್ರೋಟೀನಿನ ಅರ್ಧ ಭಾಗ ಯಾರನ್ನೂ ಮುಟ್ಟದೆ ಇರುವುದು ಸಾಧ್ಯವೇ ಇಲ್ಲ. "ಇವು ತಿಕೋಂಡಿಯಾಗ ಕರೆಂಟ್ ಹೋದಾಗ ಅರ್ಧಕ್ಕ ನಿಂತವು. ಇನ್ನೂ ಅದಾವು. ಹೆಸರು ಹೇಳ್ಲಿ?"

ಅವಳು ಹೇಳಿದಳು. ಮೇಡಂ ಕಾಜಲ್‌ಳ ಹಾಳೆಗಳನ್ನು ತಿರುವಿದರು. ಅವಳು ಹೇಳಿದ ಪ್ರತಿಯೊಂದರ ಬಾಲವೂ ಖಾಲಿ. ಅದರಲ್ಲಿ ಒಂದನ್ನು ಮೇಡಂ ಲ್ಯಾಬಿನ ಕಂಪ್ಯೂಟರಿನಲ್ಲಿ ಆಗಲೇ ಹೊಸದಾಗಿ ಎಣಿಸಿದರು. ಖಾಲಿ ಜಾಗದ ತುಂಬ ಚುಕ್ಕೆ ಬಂತು.

"ಎಲ್ಲ ಕದ್ದಿ, ಎಲ್ಲಿ ಹರಿದೈತಿ ಅಂತ ನೋಡ್ಲಿಲ್ಲ," ಎಂದ ಮಲ್ಲಿನಾಥ ಕಾಜಲ್‌ಗೆ. "ನಿನ್ನ ಗೆಳತಿ ಕೆಲಸ ಅಂದ್ರ ಚೊಕ್ಕ ಇರ್ತೈತಿ ಅಂತ ನಂಬಿದಿ. ಮುಂಜಾನಿ ಗಿರಣಿ ಚಾಲೂ ಆತು. ಆ ಗದ್ದಲದಾಗ ಡಿಸ್ಕ್ ಬಿಚ್ಚಿದಿ. ಬಸ್ ಹಿಡಿಯೂತನಕ ಗೊತ್ತಾಗಬಾರದಂತ ಸೀರಿ ಹೊದಿಸಿದಿ. ಹೌದಲ್ಲ?"

ಹಾಸ್ಟೆಲಿನಲ್ಲಿ ಕಾಜಲ್‌ಳ ಟ್ರಂಕಿನಲ್ಲಿ ಡಿಸ್ಕ್ ಸಿಕ್ಕಿತು. ಅದನ್ನು ಕುಪ್ಪಸದ ಒಂದು ಇಳಕಲ್ ಖಣದಲ್ಲಿ ಸುತ್ತಿಟ್ಟಿದ್ದಳು. ಕಾಜಲ್ ತಿಕೋಂಡಿಯಿಂದ ಹೊರಡುವಾಗ ರಹಿಮಾ ಉಡಿಯಲ್ಲಿ ಹಾಕಿ ಕೊಟ್ಟಿದ್ದ ಖಣ ಅದು. ಆಪರೇಷನ್ನಿನ ಗಾಯ ಆರುವ ಮುನ್ನವೇ ಆಕೆ ಸಂತೆಗೆ ಹೋಗಿ ಆರಿಸಿ ತಂದದ್ದು.

"ನನ್ನ ಎಣಿಕಿ ಬರಲೇ ಇಲ್ಲ ರುಬಿ," ಎಂದಳು ಕಾಜಲ್. "ಇಲ್ಲಿ ಕುಂತು ಎಷ್ಟ ಒದ್ದಾಡಿದೆ. ನೀ ಆ ಹಿಟ್ಟಿನ ಧೂಳಿನ್ಯಾಗ ಕುಂತು ಮಾಡಿಟ್ಟಿ. ನಿನಗ ತಲಿ ಐತಿ, ಮತ್ತೊಮ್ಮೆ ಮಾಡ್ತಿದ್ದಿ. ನನಗ ಒಮ್ಮೇನೂ ಆಗ್ಲಿಲ್ಲ."

"ಕೇಳಿದ್ರ ಕಲಿಸ್ತಿದ್ನಲ್ಲ."

"ನಿನ್ನ ಮುಂದ ಕೈ ಚಾಚಿ ಕೇಳಬೇಕಾಗ್ತಿತ್ತಲ್ಲ," ಎಂದಳು ಕಾಜಲ್.

* * *

ಮಧ್ಯಾಹ್ನ ರುಬಿನಾ ತನ್ನ ಕೆಲಸ ತೋರಿಸಿದಳು. ಎಲ್ಲೆಲ್ಲಿ ಅರ್ಧ ಉಳಿದಿದೆ ಎನ್ನುವುದನ್ನು ಮೊದಲೇ ಹೇಳಿಬಿಟ್ಟಳು. ಸಂಜೆ ಮೇಡಂ ಸೀಟು ಅವಳಿಗೇ ಎಂದರು. ಅವಳು ತಲೆಯಾಡಿಸಿದಳು, ನಗಲಿಲ್ಲ.

ಹೊರಗೆ ಬೆಂಚಿನ ಮೇಲೆ ಮಲ್ಲಿನಾಥ ದೂರಿನ ಕಾಗದ ತೆಗೆದ.

"ನೀ ಬ್ಯಾಡ ಅಂದ್ರ ನಾ ಹರದ ಹಾಕ್ತೀನಿ."

"ಬರ್ಕೊಳ್ರಿ."

"ಆಕಿ ಪೂರಾ ಹೆಸರು?"

"ಕಾಜಲ್ ಶಿದ್ರಾಯ ಪೂಜಾರಿ. ಅವ್ವನ ಹೆಸರು ದುಂಡವ್ವ. ಊರು ಸನಮಡಿ." ಕೇಳುವ ಮೊದಲೇ ಹುಟ್ಟಿದ ದಿನವನ್ನೂ ಹೇಳಿದಳು.

"ಮೈಮ್ಯಾಲಿನ ಗುರುತು?"

ರುಬಿನಾ ತನ್ನ ಎಡಗೈ ನೋಡಿಕೊಂಡಳು.

"ಎಡಗೈ ಮ್ಯಾಲ ಸುಟ್ಟ ಕಲೆ ಐತ್ರಿ. ಸಣ್ಣಾಕಿದ್ದಾಗ ನಮ್ಮ ಮನ್ಯಾಗ ರೊಟ್ಟಿ ಮಾಡಾಕ ಕಲೀತಿದ್ಳು. ಹಂಚು ನನ್ನ ಮ್ಯಾಲ ಬೀಳೂದಿತ್ತು. ಆಕಿ ಕೈ ಅಡ್ಡ ಹಿಡಿದ್ಳು."

ಮಲ್ಲಿನಾಥನ ಪೆನ್ನು ನಿಂತಿತು.

"ಬರ್ಕೊಳ್ರಿ ಸಾಹೇಬ್ರ," ಎಂದಳು ರುಬಿನಾ. ಆಮೇಲೆ ಜೋರಾಗಿ ಅತ್ತಳು.