ಹೆಸರು ಬೇಡ ಎಂದವರು

ಮಂಗಳವಾರ ಬೆಳಿಗ್ಗೆ ಏಳೂವರೆಗೆ ಠಾಣೆಯ ಮೆಟ್ಟಿಲು ಹತ್ತಿ ಬಂದ ಹೆಂಗಸಿನ ಎರಡೂ ತೋಳು ಕೆಂಪಾಗಿದ್ದವು. ದೂರು ಬರೆದುಕೊಳ್ಳುವ ಕಾನ್‌ಸ್ಟೇಬಲ್ ಗಾಬರಿಬಿದ್ದು ಎದ್ದು ನಿಂತ.

“ಅರ್ಧ ಬಣ್ಣ, ಅರ್ಧ ರಕ್ತ,” ಎಂದಳು ಆಕೆ. “ಬಣ್ಣ ನಮ್ಮ ಗೋಡೆಗೆ ಬಳಿದದ್ದು. ರಕ್ತ ನಮ್ಮೆಜಮಾನ್ರದು.”

ಆಕೆ ಮುಖ್ಯರಸ್ತೆಯಲ್ಲಿ ಬೋರ್ಡು ಬರೆಯುವ ಕಾರ್ಖಾನೆ ನಡೆಸುತ್ತಿದ್ದಳು. ಕೆಲಸದವರಿಗೂ ಗಿರಾಕಿಗಳಿಗೂ ಆಕೆ ಯಜಮಾನಿ. ಬರವಣಿಗೆಯೆಲ್ಲ ಗಂಡನ ಕೈಯದು. ಅವನನ್ನು ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು. ದೂರಿನ ಸಾರಾಂಶ ಇಷ್ಟು: ಬೆಳಗಿನ ಐದೂವರೆಯ ಸುಮಾರಿಗೆ ಯಾರೋ ಕಾರ್ಖಾನೆಯ ಹೊರಗೋಡೆಯ ಮೇಲೆ ಬರೆಯುತ್ತಿದ್ದರು. ಸದ್ದು ಕೇಳಿ ಮೇಸ್ತ್ರಿ ಮಹಡಿಯಿಂದ ಇಳಿದು ಬಂದ. ಬರೆಯುತ್ತಿದ್ದವನು ಬಣ್ಣದ ಡಬ್ಬಿಯನ್ನೇ ಎಸೆದು ಓಡಿದ. ಡಬ್ಬಿಯ ಅಂಚು ಮೇಸ್ತ್ರಿಯ ಬಲಗಣ್ಣಿಗೆ ಬಡಿದಿತ್ತು.

ಎಂಟು ಹತ್ತಕ್ಕೆ FIR ದಾಖಲಾಯಿತು. ಇನ್ಸ್‌ಪೆಕ್ಟರ್ ಅದನ್ನು ಓದಿ ತಲೆಯೆತ್ತಿದರು.

“ಅದೇ ಅಂಗಡೀನಾ?”

“ಅದೇ,” ಎಂದಳು ಯಜಮಾನಿ.

ಅದೇ ಎಂದರೆ ಊರಿಗೆಲ್ಲ ಗೊತ್ತು. ಮೂರು ವಾರದ ಹಿಂದೆ ನಾಲ್ಕನೇ ಮಹಡಿಯ ಗೋಡೆ ಬರೆಯುವಾಗ ಹಲಗೆಯ ಹಗ್ಗ ಕಿತ್ತು ಅವರ ಕೆಲಸದವನೊಬ್ಬ ಸತ್ತಿದ್ದ. ಎತ್ತರದ ಕೆಲಸಕ್ಕೆ ಹೆಸರಾದವನು, ಅಡ್ಡಹೆಸರು ಏಣಿಯಣ್ಣ. ಹಗ್ಗ ಬಾಡಿಗೆಯದು, ತಪ್ಪು ಯಾರದೆಂಬ ವಿಚಾರಣೆ ಇನ್ನೂ ನಡೆದಿತ್ತು. ಅಷ್ಟರಲ್ಲಿ ಅವನ ಹೆಂಡತಿಯ ತಮ್ಮ ಅಂತರ್ಜಾಲದಲ್ಲಿ ‘ಏಣಿಯಣ್ಣನ ಮಕ್ಕಳಿಗಾಗಿ’ ಎಂಬ ಸಹಾಯನಿಧಿ ತೆರೆದ. ಹಣ ಬಂತು. ಹಣದ ಹಿಂದೆಯೇ, ಕೊಟ್ಟವರ ಹೆಸರು ಓದುವವರೂ ಬಂದರು. ತರಕಾರಿಯವನ ಹೆಸರಿದೆ, ಶಾಲೆಯ ಮಕ್ಕಳ ಹೆಸರಿದೆ, ಯಜಮಾನಿಯ ಹೆಸರೆಲ್ಲಿ? ‘ಅವನ ಬೆವರು ಬೇಕಿತ್ತು, ಅವನ ಮಕ್ಕಳು ಬೇಡ’ ಎಂದು ಅದೇ ಪುಟದಲ್ಲಿ ಯಾರೋ ಹೆಸರಿಲ್ಲದವರು ಬರೆದದ್ದು ಸಾವಿರಾರು ಫೋನುಗಳಿಗೆ ಹೋಯಿತು. ಅದರ ಕೆಳಗೆ ‘ಥೂ’ ಎಂದು ಬರೆದವರಲ್ಲಿ ಈ ಠಾಣೆಯ ಹೆಡ್ ಕಾನ್‌ಸ್ಟೇಬಲ್ಲನೂ ಒಬ್ಬ. ಈಗ ಅವನು ಕಿಟಕಿಯ ಹೊರಗೆ ಏನೋ ಬಹಳ ಮುಖ್ಯವಾದದ್ದನ್ನು ನೋಡುತ್ತಿದ್ದ.

“ನೀವೆಷ್ಟು ಹಾಕಿದ್ರಿ?” ಇನ್ಸ್‌ಪೆಕ್ಟರ್ ಕೇಳಿದರು.

“ಅದು ದೂರಿಗೆ ಬೇಕಾ?”

“ಬೇಕಾಗಬಹುದು.”

“ಬೇಕಾದಾಗ ಕೇಳಿ,” ಎಂದು ಆಕೆ ಆಸ್ಪತ್ರೆಗೆ ಹೊರಟಳು.

ಒಂಬತ್ತೂವರೆಗೆ ಸ್ಥಳ ಪಂಚನಾಮೆ. ಪಕ್ಕದ ಬೀಗ ರಿಪೇರಿಯವನೂ ಎದುರಿನ ಔಷಧಿ ಅಂಗಡಿಯವನೂ ಪಂಚರು. ಕಾರ್ಖಾನೆಯ ಬಿಳಿ ಗೋಡೆಯ ಮೇಲೆ ಆಳೆತ್ತರದ ಕೆಂಪು ಅಕ್ಷರ: ‘ಕೊಂದವರು ಕಾಸು ಬಿಚ್ಚ’ — ಅಷ್ಟಕ್ಕೇ ನಿಂತಿತ್ತು. ನೆಲದಲ್ಲಿ ಬೋರಲು ಬಿದ್ದ ಡಬ್ಬಿ, ಅಗಲ ಕುಂಚ.

ಇನ್ಸ್‌ಪೆಕ್ಟರ್ ಗೋಡೆಗೆ ಮೂಗು ತಾಗುವಷ್ಟು ಹತ್ತಿರ ಹೋದರು. ಅಕ್ಷರಗಳ ನೆತ್ತಿಯ ಮೇಲೊಂದು, ಪಾದದ ಕೆಳಗೊಂದು, ಕೂದಲೆಳೆಯಷ್ಟು ಸಣ್ಣ ನೀಲಿ ಗೆರೆ. ಗೋಡೆಯ ಈ ತುದಿಯಿಂದ ಆ ತುದಿಗೆ, ಒಂದಿಷ್ಟೂ ಓರೆಯಿಲ್ಲ. ಉಳಿದ ಅಕ್ಷರಕ್ಕೆ ಬೇಕಾದಷ್ಟು ಜಾಗವನ್ನೂ ಲೆಕ್ಕ ಹಾಕಿ ಬಿಡಲಾಗಿತ್ತು.

“ಬೈಯೋಕೆ ಬಂದವನು ಮಾರ್ಜಿನ್ ಬಿಟ್ಕೊಂಡು ಬೈದಿದ್ದಾನಲ್ರೀ,” ಎಂದರು.

ಹೆಡ್ ಕಾನ್‌ಸ್ಟೇಬಲ್ಲನಿಗೆ ನಗು ಬಂತು. ನಗುವ ಹೊತ್ತಲ್ಲವೆಂದು ನುಂಗಿಕೊಂಡ.

ಕಾರ್ಖಾನೆಯ ಹಿರಿಯ ಪೇಂಟರನ್ನು ಕರೆಸಿ ಕೇಳಿದರು. “ಏನಿದು ಗೆರೆ?”

“ದಾರ ಹೊಡೆದಿರೋದು ಸಾರ್. ದಾರಕ್ಕೆ ನೀಲಿ ಪುಡಿ ಸವರೋದು, ಒಂದು ತುದಿ ಮೊಳೆಗೆ ಕಟ್ಟಿ ಬಿಗಿಯಾಗಿ ಎಳೆದು ಚಟ್ ಅಂತ ಬಿಡೋದು. ಗೆರೆ ಬೀಳುತ್ತೆ. ಅದಿಲ್ದೆ ನಾವು ಕುಂಚಾನೇ ಮುಟ್ಟ...”

ಮುದುಕ ಅಲ್ಲಿಗೇ ನಿಂತ. ಗೋಡೆಯನ್ನೂ ನೆಲದ ಕುಂಚವನ್ನೂ ಮತ್ತೊಮ್ಮೆ ನೋಡಿದ. ಮುಖದ ಕಳೆಯೇ ಹೋಯಿತು.

“ನಾವು ಅಂದ್ರೆ?” ಎಂದರು ಇನ್ಸ್‌ಪೆಕ್ಟರ್.

“ಕಲಿತವರು ಸಾರ್. ಮೇಸ್ತ್ರಿ ಹತ್ರ ಕಲಿತವರು,” ಎಂದು ಅವನು ಮೆಟ್ಟಿಲ ಮೇಲೆ ಕೂತ.

ಆಸ್ಪತ್ರೆಯಲ್ಲಿ ಮೇಸ್ತ್ರಿಯ ಅರ್ಧ ಮುಖ ಪಟ್ಟಿಯೊಳಗಿತ್ತು. ಶುಕ್ರವಾರ ಬಿಚ್ಚಿದ ಮೇಲೇ ಹೇಳಬಹುದು ಎಂದರು ಕಣ್ಣಿನ ಡಾಕ್ಟರು.

“ಯಾರೂಂತ ಗೊತ್ತಾಯ್ತಾ?”

“ಮುಖಕ್ಕೆ ಬಟ್ಟೆ ಸುತ್ಕೊಂಡಿದ್ದ.”

“ಏನಾದ್ರೂ ಅಂದ್ನಾ?”

“ಏನೂ ಇಲ್ಲ. ನನ್ನ ನೋಡಿ ಅವನೇ ಬೆಚ್ಚಿಬಿದ್ದ.” ಮೇಸ್ತ್ರಿ ಪಟ್ಟಿಯ ಅಂಚು ಮುಟ್ಟಿಕೊಂಡು ಹೇಳಿದ, “ಒಂದೇ ಕಣ್ಣಾದ್ರೆ ಗೋಡೆ ಎಷ್ಟು ದೂರ ಇದೆ ಅಂತ ಅಂದಾಜು ಸಿಗಲ್ಲ ಸಾರ್. ಏಣಿ ಮೇಲೆ ನಿಂತವನಿಗೆ ಅದೇ ಮೊದಲು ಬೇಕಾಗಿರೋದು. ನನ್ನ ಕೈ ನಿಂತ್ರೆ ಕಾರ್ಖಾನೆ ನಿಂತ ಹಾಗೆ.”

ಯಜಮಾನಿ ಅವನ ಹೊದಿಕೆ ಸರಿಮಾಡುತ್ತಾ ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು.

ಕಾರ್ಖಾನೆಗೆ ಬೆಂಕಿ ಹಚ್ಚುತ್ತೇವೆ ಎಂದು ನಿಧಿಯ ಪುಟದಲ್ಲಿ ಬರೆದಿದ್ದ ಇಬ್ಬರನ್ನು ಬುಧವಾರ ಕರೆಸಿದರು. ಒಬ್ಬ ಆ ಹೊತ್ತಿಗೆ ಬೇಕರಿಯ ಒಲೆಯ ಮುಂದಿದ್ದ, ಕ್ಯಾಮೆರಾ ಸಾಕ್ಷಿ. ಇನ್ನೊಬ್ಬ ಪರಊರಿನ ವಿಮಾ ಏಜೆಂಟ್, ಇಸ್ತ್ರಿ ಮಾಡಿದ ಅಂಗಿ.

“ನೀವೆಷ್ಟು ಹಾಕಿದ್ರಿ ಆ ನಿಧಿಗೆ?”

“ನಾನ್ಯಾಕೆ ಸಾರ್ ಹಾಕ್ಲಿ? ಹಾಕಬೇಕಾದವರು ಹಾಕ್ಲಿ ಅಂತ ತಾನೇ ಬರೆದಿದ್ದು!”

ಅವನನ್ನು ಎಚ್ಚರಿಸಿ ಕಳಿಸಿದರು. ಹೋಗುವಾಗ ಅವನು, ಕಳ್ಳರನ್ನು ಬಿಟ್ಟು ಪ್ರಶ್ನೆ ಕೇಳುವವರನ್ನು ಹಿಡಿಯುತ್ತಾರೆ ಎಂದು ಗೊಣಗಿದ.

ಮೇಸ್ತ್ರಿಯ ಕೈಕೆಳಗೆ ಕಲಿತವರು ಈಗ ನಾಲ್ವರು. ಹಿರಿಯ ಪೇಂಟರ್ ಮನೆಯಲ್ಲಿದ್ದ, ಮನೆಮಂದಿಯೆಲ್ಲ ಸಾಕ್ಷಿ. ಇಬ್ಬರು ಬೋರ್ಡು ನಿಲ್ಲಿಸಲು ಬೇರೆ ಊರಿಗೆ ಹೋಗಿದ್ದರು. ನಾಲ್ಕನೆಯವನು ಏಣಿಯಣ್ಣನ ಭಾವಮೈದುನ, ಸಹಾಯನಿಧಿ ತೆರೆದವನು. ಭಾವ ಸತ್ತಂದಿನಿಂದ ಕೆಲಸಕ್ಕೆ ಬಂದಿರಲಿಲ್ಲ.

“ಅವನನ್ನ ಬಿಡಿ ಸಾರ್,” ಎಂದ ಹೆಡ್ ಕಾನ್‌ಸ್ಟೇಬಲ್. “ಶವಾಗಾರದಿಂದ ಹಿಡಿದು ಮಕ್ಕಳ ಸ್ಕೂಲಿನ ತನಕ ಒಬ್ಬನೇ ಓಡಾಡ್ತಿದ್ದಾನೆ. ಪಾಪದ ಪ್ರಾಣಿ.”

“ಪಾಪದ ಪ್ರಾಣಿ ಅಂತ ಬರ್ಕೊಳ್ಳೋಣ. ಫೋನ್ ಕರೆಗಳನ್ನೂ ತರಿಸೋಣ.”

ಸಂಜೆಗೆ ವಿವರ ಬಂತು. ಘಟನೆಯ ಹಿಂದಿನ ಸಂಜೆ ಯಜಮಾನಿಯೇ ಅವನಿಗೆ ಕರೆ ಮಾಡಿದ್ದಳು. ನಿಧಿ ನಡೆಸುವ ಕಂಪನಿಯ ಉತ್ತರವೂ ಬಂತು. ಯಜಮಾನಿಯನ್ನು ಮೊದಲು ಬೈದ ಆ ಹೆಸರಿಲ್ಲದ ಬರಹ ಮತ್ತು ನಿಧಿಯ ಪುಟ, ಎರಡೂ ಒಂದೇ ಫೋನಿನಿಂದ ಹುಟ್ಟಿದ್ದವು. ಹೆಡ್ ಕಾನ್‌ಸ್ಟೇಬಲ್ ಅದನ್ನು ಎರಡು ಸಲ ಓದಿದ. ತಾನು ‘ಥೂ’ ಎಂದದ್ದು ಯಾರ ಮಾತು ಕೇಳಿ ಎಂಬುದು ಅವನಿಗೆ ಆಗ ಹೊಳೆದಿರಬೇಕು. ಫೋನು ತೆಗೆದು ಸದ್ದಿಲ್ಲದೆ ಅಳಿಸಿದ.

ಇನ್ಸ್‌ಪೆಕ್ಟರ್ ಆಸ್ಪತ್ರೆಯ ವರಾಂಡಕ್ಕೆ ಹೋಗಿ ಯಜಮಾನಿಯ ಪಕ್ಕದ ಬೆಂಚಿನಲ್ಲಿ ಕೂತರು.

“ಈಗ ಬೇಕಾಗಿದೆ. ಎಷ್ಟು ಹಾಕಿದ್ರಿ?”

ಆಕೆ ಕೈಚೀಲದ ಹಿಡಿ ತಿರುಚುತ್ತಾ ಕೂತಿದ್ದಳು. ಕೊನೆಗೆ ಹೇಳಿದಳು, “ಪುಟದಲ್ಲಿ ಎಲ್ಲಕ್ಕಿಂತ ಮೇಲೆ ‘ಹೆಸರು ಬೇಡ’ ಅಂತ ಒಂದಿದೆಯಲ್ಲ, ಅದು ನಾವು. ಮಹಡಿ ಮನೆ ಅಡ ಇಟ್ವಿ.”

“ಹೆಸರು ಯಾಕೆ ಬೇಡ ಅಂದ್ರಿ?”

“ಏಣಿಯಣ್ಣ ಮಣ್ಣಾದ ಮಾರನೇ ದಿನ ಅವನ ಹೆಂಡತೀನ ನೋಡೋಕೆ ಮನೆಗೆ ಹೋಗಿದ್ದೆ. ‘ನಿನ್ನ ಹಗ್ಗಾನೇ ಕೊಂದಿದ್ದು, ನಿನ್ನ ಕಾಸು ನನ್ನ ಹೊಸಿಲು ದಾಟಕೂಡದು’ ಅಂತ ಬಾಗಿಲು ಹಾಕ್ಬಿಟ್ಲು. ನಮ್ಮ ದುಡ್ಡು ಅಂತ ಗೊತ್ತಾದ್ರೆ ವಾಪಸ್ ಎಸೀತಾಳೆ, ಮಕ್ಕಳು ಬೀದಿಗೆ ಬೀಳ್ತವೆ. ಅದಕ್ಕೇ ಅವಳ ತಮ್ಮನಿಗೆ ಮಾತ್ರ ಹೇಳಿದ್ದು. ನನ್ನ ಕೈ ಹಿಡ್ಕೊಂಡು ಅತ್ತ ಸಾರ್. ಪ್ರಾಣ ಹೋದ್ರೂ ಬಾಯಿಬಿಡಲ್ಲ ಅಂದ. ನಮ್ಮನೇಲಿ ಉಂಡು ಬೆಳೆದ ಹುಡುಗ.”

“ಸೋಮವಾರ ಸಂಜೆ ಫೋನಲ್ಲಿ ಏನಂದ್ರಿ?”

“ಗಿರಾಕಿಗಳು ಆರ್ಡರ್ ವಾಪಸ್ ತಗೊಂಡ್ರು. ಬೀದೀಲಿ ಉಗೀತಾರೆ. ತಡೆಯೋಕಾಗ್ಲಿಲ್ಲ. ‘ಇನ್ನು ನಿನ್ನ ಅಕ್ಕನಿಗೆ ನಿಧಾನವಾಗಿ ತಿಳಿಸಪ್ಪಾ, ಇಲ್ಲಾಂದ್ರೆ ನಾಳೆ ನಾನೇ ಹೇಳ್ತೀನಿ’ ಅಂದೆ.”

“ಅವನೇನಂದ?”

“ಸರಿ ಯಜಮಾನೀ ಅಂದ. ಅಷ್ಟೇ.”

ಗುರುವಾರ ಹನ್ನೊಂದಕ್ಕೆ ಇನ್ಸ್‌ಪೆಕ್ಟರ್, ಹೆಡ್ ಕಾನ್‌ಸ್ಟೇಬಲ್ ಮತ್ತು ಮಹಿಳಾ ಕಾನ್‌ಸ್ಟೇಬಲ್ ಏಣಿಯಣ್ಣನ ಮನೆಗೆ ಹೋದರು. ಎರಡು ಕೋಣೆ. ಒಣಗಲು ಹಾಕಿದ ಶಾಲೆಯ ಸಮವಸ್ತ್ರ, ಬಾಗಿಲ ಹಿಂದೆ ಇನ್ನೂ ತೂಗುತ್ತಿದ್ದ ಬಣ್ಣದ ಕಲೆಯ ಗಂಡಸಿನ ಅಂಗಿ. ಅಕ್ಕ ಕುರ್ಚಿ ಒರೆಸಿ ಕೊಟ್ಟಳು. ತಮ್ಮ ಗೋಡೆಗೊರಗಿ ನಿಂತ. ಇಪ್ಪತ್ತೈದು ದಾಟಿರಲಿಕ್ಕಿಲ್ಲ, ನಿದ್ದೆಗೆಟ್ಟ ಕಣ್ಣು.

“ನಿಧಿಯ ಪುಟ ನೋಡ್ಕೊಳ್ಳೋದು ನೀನೇನಾ?”

“ಹೌದು ಸಾರ್.”

“ಹೆಸರು ಬೇಡ ಅಂದವರ ಹೆಸರು ನಿನಗೆ ಕಾಣುತ್ತಾ?”

“ಕಾಣುತ್ತೆ.”

“ಎಲ್ಲಕ್ಕಿಂತ ಮೇಲಿನದು ಯಾರದು?”

ಅವನು ಅಕ್ಕನ ಕಡೆ ನೋಡಿದ. “ನೆನಪಿಲ್ಲ ಸಾರ್.”

“ಅಷ್ಟು ದೊಡ್ಡ ಮೊತ್ತ, ನೆನಪಿಲ್ವಾ?”

ಅಕ್ಕನಿಗೆ ತಡೆಯಲಾಗಲಿಲ್ಲ. “ಅಯ್ಯೋ, ಪೊಲೀಸ್ನೋರ ಮುಂದೂ ಸಂಕೋಚವೇನೋ? ಹೇಳೋ! ಸಾರ್, ಅದು ಇವನದೇ. ಮೊಬೈಲಲ್ಲಿ ತೋರಿಸಿದ. ಎಲ್ಲಿಂದ ಹೊಂದಿಸಿದನೋ ಏನೋ, ಸಾಲಸೋಲ ಮಾಡಿ ಅಕ್ಕನ ಮಕ್ಕಳಿಗೆ ಅಂತ ಹಾಕಿದ್ದಾನೆ. ಯಾರಿಗೂ ಹೇಳ್ಬೇಡ ಅಂದಿದ್ದ, ನಾನೇ ಹೊಟ್ಟೆಯಲ್ಲಿ ಇಟ್ಕೊಳ್ಳೋಕಾಗ್ದೆ ಬಂಧುಬಳಗಕ್ಕೆಲ್ಲ ಹೇಳಿದೆ. ಇಂಥ ತಮ್ಮ ಯಾರಿಗಿದ್ದಾನೆ ಹೇಳಿ.”

ಮಹಿಳಾ ಕಾನ್‌ಸ್ಟೇಬಲ್ ತಲೆ ತಗ್ಗಿಸಿದಳು. ಅಕ್ಕ ಒಬ್ಬೊಬ್ಬರ ಮುಖವನ್ನೂ ನೋಡಿದಳು, ಕೊನೆಗೆ ತಮ್ಮನದನ್ನು.

“ಯಾಕೋ? ನಿಂದಲ್ವಾ?”

ಅವನು ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತ.

“ಯಾರದೋ ಅದು?”

“ಯಜಮಾನೀದು,” ಎಂದ.

ಅಕ್ಕ ಕೂಗಲಿಲ್ಲ, ಹೊಡೆಯಲಿಲ್ಲ. “ನನ್ನ ಕೈಯಲ್ಲಿ ಅವರನ್ನ ಬೈಸಿದೆ,” ಎಂದಳು. “ಮೂರು ವಾರ ಪಕ್ಕದಲ್ಲಿ ಕೂತು ನನ್ನ ಕೈಯಲ್ಲಿ ಬೈಸಿದೆಯಲ್ಲೋ.”

ಅವನ ಬೈಕಿನ ಡಬ್ಬಿಯಲ್ಲಿ ನೀಲಿ ಪುಡಿ ಹತ್ತಿದ ದಾರದ ಉಂಡೆ, ಮಂಚದ ಕೆಳಗೆ ಕೆಂಪು ಸಿಡಿದ ಚಪ್ಪಲಿ ಸಿಕ್ಕವು. ಎರಡನ್ನೂ ಪಂಚರ ಮುಂದೆ ವಶಪಡಿಸಿಕೊಂಡರು. ಮಧ್ಯಾಹ್ನ ಒಂದೂ ಕಾಲಿಗೆ ಬಂಧನ.

ಠಾಣೆಯಲ್ಲಿ ಅವನು ತಾನಾಗಿಯೇ ಹೇಳಿದ. ನಿಧಿ ತೆರೆದ ಎರಡನೇ ದಿನವೇ ಪುಟದಲ್ಲಿ ಯಾರೋ ಕೇಳಿದ್ದರು: ಸ್ವಂತ ಭಾವ ಸತ್ತಿದ್ದಾನೆ, ನಿನ್ನ ಹೆಸರೇ ಇಲ್ಲವಲ್ಲ? ಆಮೇಲೆ ಚಿಕ್ಕಪ್ಪ ಕೇಳಿದ, ಬೀದಿಯವರು ಕೇಳಿದರು. ಅವನ ಕೈಯಲ್ಲಿ ಬೈಕಿನ ಕಂತಿಗೂ ದುಡ್ಡಿರಲಿಲ್ಲ. ಜನರ ಕಣ್ಣು ಬೇರೆ ಕಡೆ ತಿರುಗಲಿ ಎಂದು ಯಜಮಾನಿಯ ಮೇಲೆ ಮೊದಲ ಸಾಲು ಬರೆದ. ತಿರುಗಿತು. ಆದರೆ ಒಂದು ದಿನ ಮಕ್ಕಳು ಮಲಗಿದ ಮೇಲೆ ಅಕ್ಕ ಪಕ್ಕದಲ್ಲಿ ಕೂತು, ಪುಟ ಸರಿಸುತ್ತಾ, ‘ನಿಂದು ಯಾವುದೋ?’ ಎಂದಳು. ಅವನ ಬೆರಳು ಎಲ್ಲಕ್ಕಿಂತ ಮೇಲಿನದಕ್ಕೆ ಹೋಯಿತು.

“ಗೋಡೆ ಮೇಲೆ ಯಾಕೆ ಬರೆದೆ?”

“ಜನ ಇನ್ನೂ ರೊಚ್ಚಿಗೆದ್ರೆ ಯಜಮಾನಿ ಹೇಳಿದ್ದನ್ನ ಯಾರೂ ನಂಬಲ್ಲ ಅಂದ್ಕೊಂಡೆ. ಮೇಸ್ತ್ರಿ ಇಳಿದು ಬರ್ತಾರೆ ಅಂತ ಗೊತ್ತಿರ್ಲಿಲ್ಲ ಸಾರ್. ನನಗೆ ಕುಂಚ ಹಿಡಿಯೋಕೆ ಕಲಿಸಿದ್ದೇ ಅವರು.”

“ಹಾಕೋಕೆ ದುಡ್ಡಿಲ್ಲ ಅಂತ ಅಕ್ಕನಿಗೆ ಹೇಳಿದ್ರೆ ಆಗ್ತಿರ್ಲಿಲ್ವಾ? ಆಸ್ಪತ್ರೆ, ಸ್ಮಶಾನ, ಎಲ್ಲಾ ಕಡೆ ನೀನೇ ತಾನೇ ಓಡಾಡಿದ್ದು?”

“ಅದಕ್ಕೆಲ್ಲ ಆ ಪುಟದಲ್ಲಿ ಜಾಗ ಇಲ್ಲ ಸಾರ್,” ಎಂದ.

ಶುಕ್ರವಾರ ಪಟ್ಟಿ ಬಿಚ್ಚಿದರು. ಬಲಗಣ್ಣಿನ ದೃಷ್ಟಿ ಹೋಗಿತ್ತು, ಮತ್ತೆ ಬರುವುದಿಲ್ಲ ಎಂದರು ಡಾಕ್ಟರು. ಬಂಧನದ ಸುದ್ದಿ ಅಷ್ಟರಲ್ಲಿ ಊರೆಲ್ಲ ಹರಡಿತ್ತು. ಯಜಮಾನಿಯ ಫೋನಿಗೆ ಕ್ಷಮೆ ಕೇಳುವ ನೂರಾರು ಸಂದೇಶ ಬಂದು ಬಿದ್ದಿದ್ದವು. ಆಕೆ ಒಂದನ್ನೂ ತೆರೆದಿರಲಿಲ್ಲ.

ಇನ್ಸ್‌ಪೆಕ್ಟರ್ ಜೊತೆ ಬಂದಿದ್ದ ಹೆಡ್ ಕಾನ್‌ಸ್ಟೇಬಲ್ ವಾರ್ಡಿನ ಹೊರಗೆ ಟೋಪಿ ತೆಗೆದು ಅವಳ ಮುಂದೆ ನಿಂತ. “ನಾನೂ ಬೈದಿದ್ದೆ ಅಮ್ಮಾ,” ಎಂದ.

“ಬೈದವರ ಮೇಲೆ ನನಗೆ ಸಿಟ್ಟಿಲ್ಲಪ್ಪ,” ಎಂದಳು ಯಜಮಾನಿ. “ನಿಮಗ್ಯಾರಿಗೂ ಗೊತ್ತಿರ್ಲಿಲ್ಲ. ಅವನಿಗೆ ಗೊತ್ತಿತ್ತು.”

ವಾರ್ಡಿನೊಳಗೆ ಏಣಿಯಣ್ಣನ ಹೆಂಡತಿ ಬಂದು ಮೇಸ್ತ್ರಿಯ ಮಂಚದ ಕಾಲ ಬಳಿ ನಿಂತಿದ್ದಳು. ಎಷ್ಟೋ ಹೊತ್ತಿನಿಂದ ನಿಂತಿದ್ದಳಂತೆ. ಯಜಮಾನಿ ಒಳಗೆ ಹೋದಳು, ಅವಳ ಮುಖ ನೋಡಲಿಲ್ಲ, ಖಾಲಿಯಿದ್ದ ಸ್ಟೂಲನ್ನು ಕಾಲಿನಿಂದ ಅವಳ ಕಡೆಗೆ ತಳ್ಳಿದಳು. ಅವಳು ಕೂತಳು. ಇನ್ಸ್‌ಪೆಕ್ಟರ್ ಬಾಗಿಲು ಮುಂದೆ ಎಳೆದುಕೊಂಡು ಠಾಣೆಗೆ ಹೊರಟರು.